ಕುಡಿತ ಬಿಟ್ಟವರಿಗೆ ಸಂಜೆ ಐದೂವರೆಯ ತಟ್ಟೆ

ತಿಪಟೂರು ಕಡೆಯ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ನಾನು ಅಡುಗೆಯವಳು. ಭಾನುವಾರ ಮನೆಯವರು ನೋಡಲು ಬಂದಾಗ ಹೆಂಗಸರು ಒಬ್ಬೊಬ್ಬರೇ ಅಡುಗೆಮನೆ ಬಾಗಿಲಿಗೆ ಬಂದು ಕೇಳುವುದು ಒಂದೇ ಮಾತು: "ಅಕ್ಕ, ಮನೆಗೆ ಕರ್ಕೊಂಡು ಹೋದ್ಮೇಲೆ ಇವ್ರಿಗೆ ಏನು ಮಾಡಿ ಹಾಕ್ಲಿ?" ಒಲೆ ಮೇಲೆ ಒಗ್ಗರಣೆ ಇಟ್ಟುಕೊಂಡು ನಿಂತ ಕಾಲಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ಬರೆದಿಡುತ್ತಿದ್ದೇನೆ. ಔಷಧಿ ವಿಚಾರ ಬಂದಲ್ಲಿ ನಮ್ಮ ಡಾಕ್ಟರು, ಸಿಸ್ಟರು ದಿನಾ ಹೇಳುವುದನ್ನೇ ಹೇಳುತ್ತೇನೆ. ಅಡುಗೆ ಮಾತ್ರ ನನ್ನದು.

ಮೊದಲ ಮಾತು ಅಡುಗೆಯದಲ್ಲ. ಬೆಳಗ್ಗೆ ಎದ್ದ ಕೂಡಲೇ ಕುಡಿಯಲೇಬೇಕು ಅನ್ನುವಷ್ಟು ಅಂಟಿಸಿಕೊಂಡವರನ್ನು ಮನೆಯಲ್ಲೇ ಕೂಡಿಹಾಕಿ, ಮಜ್ಜಿಗೆ ಕುಡಿಸಿ ಬಿಡಿಸುತ್ತೇನೆ ಅಂತ ಹೊರಡಬೇಡಿ. ಕೊನೆಯ ಸಲ ಕುಡಿದ ಆರೇಳು ಗಂಟೆಗೇ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರು ಗೋಡೆ ಮೇಲೆ ಹುಳ ಹರಿದಾಡುತ್ತಿದೆ ಅನ್ನುತ್ತಾರೆ, ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಾರೆ, ಹೆಂಡತಿ ಮಕ್ಕಳ ಗುರುತೇ ಸಿಗುವುದಿಲ್ಲ. ಇದರಲ್ಲಿ ಜೀವ ಹೋಗುವುದುಂಟು. ಡಾಕ್ಟರು ಮಾತ್ರೆ ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡುತ್ತಾ ಇಳಿಸಬೇಕು. ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ, ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ. ಎಲ್ಲಿಗೆ ಹೋಗುವುದು ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ, ಅದು ವ್ಯಸನಮುಕ್ತಿಯ ಸಹಾಯವಾಣಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂತು, ತಲೆ ಕೆಟ್ಟವರ ಹಾಗೆ ಆಡುತ್ತಿದ್ದಾರೆ ಅಂದರೆ ಫೋನಲ್ಲಿ ಮಾತು ಬೇಡ, 108 ಕರೆಸಿ.

ಇನ್ನೊಂದು ವಿಷಯ ಆಸ್ಪತ್ರೆಯಲ್ಲಿ ನೀವೇ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಮನೆಗಳಲ್ಲಿ ಮರ್ಯಾದೆಗೆ ಅಂಜಿ "ಸುಸ್ತು, ಊಟ ಸೇರಲ್ಲ" ಅಷ್ಟೇ ಹೇಳುತ್ತಾರೆ; ಅಲ್ಲಿಯವರು ಒಂದು ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಬಹಳ ಕುಡಿಯುವವರ ಮೈಯಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ಬತ್ತಿಹೋಗಿರುತ್ತದೆ. ಗ್ಲೂಕೋಸ್ ಅರಗಿಸಲು ಅದೇ ಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಪೆಟ್ಟು ಬೀಳಬಹುದು: ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ನೆನಪು ಕೈಕೊಡುತ್ತದೆ. "ಇವರು ಕುಡೀತಾರೆ, ದಿನಕ್ಕೆ ಇಷ್ಟು" ಅಂದರೆ ಡಾಕ್ಟರು ಮೊದಲು ಥಯಮಿನ್ ಇಂಜೆಕ್ಷನ್ ಕೊಡುತ್ತಾರೆ. ಕುಡಿದು ಕೆಟ್ಟ ಕರುಳು ಮಾತ್ರೆಯನ್ನು ಸರಿಯಾಗಿ ಹೀರುವುದಿಲ್ಲ, ಅದಕ್ಕೇ ಸೂಜಿ.

ಈಗ ಅಡುಗೆಗೆ ಬನ್ನಿ.

ಮೊದಲ ಮೂರು ನಾಲ್ಕು ದಿನ ತಟ್ಟೆ ತುಂಬ ಬಡಿಸಬೇಡಿ. ವಾರಗಟ್ಟಲೆ ಎಣ್ಣೆಯಲ್ಲೇ ಇದ್ದು ಊಟ ಕಾಣದ ಮೈಗೆ ಒಮ್ಮೆಲೇ ಗಡದ್ದಾಗಿ ತಿನ್ನಿಸಿದರೆ ರಕ್ತದ ಲವಣಗಳು ಏರುಪೇರಾಗಿ ಅಪಾಯವಾಗುತ್ತದೆ. ತೀರಾ ಬಡಕಲಾದವರಿಗೆ ಆಸ್ಪತ್ರೆಯಲ್ಲೇ ಅಳೆದು ಕೊಡುತ್ತಾರೆ. ಉಳಿದವರಿಗೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ: ಹೆಸರುಬೇಳೆ ಕಟ್ಟು, ಉಪ್ಪು ಹಾಕಿದ ಗಂಜಿ, ತಿಳಿ ಸಾರು, ನೀರು ಮಜ್ಜಿಗೆ, ಎಳನೀರು. ಕೈ ನಡುಗುವವರಿಗೆ ತಟ್ಟೆಯಲ್ಲಿ ಗಂಜಿ ಕೊಟ್ಟರೆ ಅರ್ಧ ಎದೆ ಮೇಲೆ ಚೆಲ್ಲುತ್ತದೆ. ಕೊಬ್ಬರಿ ಮಂಡಿಯ ಒಬ್ಬ ಹಮಾಲಿ, ಮೂಟೆ ಎತ್ತುವ ಆಳು, ಲೋಟ ಬಾಯಿಗೆ ತರಲಾಗದೆ ಎಲ್ಲರೆದುರು ಅತ್ತುಬಿಟ್ಟರು. ಆಮೇಲೆ ನಾನು ಹಿಡಿಯಿರುವ ದೊಡ್ಡ ಮಗ್ಗಿಗೆ ಅರ್ಧ ಮಾತ್ರ ತುಂಬಿ ಕೊಡುವುದನ್ನು ರೂಢಿ ಮಾಡಿಕೊಂಡೆ. ನೀವೂ ಹಾಗೇ ಮಾಡಿ, ಪಕ್ಕದಲ್ಲಿ ನಿಂತು ನೋಡುತ್ತಾ ನಿಲ್ಲಬೇಡಿ.

ಹೊಟ್ಟೆ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ನಮ್ಮ ಬಯಲುಸೀಮೆ ಊಟಕ್ಕಿಂತ ಬೇರೆ ಟಾನಿಕ್ ಹುಡುಕಬೇಕಾಗಿಲ್ಲ, ಡಾಕ್ಟರು ಬರೆದ ಮಾತ್ರೆ ಬಿಟ್ಟು. ಮುದ್ದೆ, ಬಸ್ಸಾರು. ರಾಗಿಯನ್ನು ಅಕ್ಕಿಯ ಹಾಗೆ ಪಾಲಿಶ್ ಮಾಡಲಾಗುವುದಿಲ್ಲ, ಕಾಳು ಅಷ್ಟು ಸಣ್ಣದು. ಹಾಗಾಗಿ ಸಿಪ್ಪೆಯಲ್ಲಿರುವುದೆಲ್ಲ ಹಿಟ್ಟಿಗೇ ಬರುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಮೆಗ್ನೀಷಿಯಂ ಬೇರೆ. ಮದ್ಯ ಇವನ್ನೆಲ್ಲ ಮೂತ್ರದಲ್ಲಿ ಕಳೆದಿರುತ್ತದೆ. ಬಸ್ಸಾರಿನ ಗುಟ್ಟು ಬಸಿದ ನೀರಲ್ಲಿದೆ. ಬಿ ಗುಂಪಿನ ಜೀವಸತ್ವಗಳು ನೀರಲ್ಲಿ ಕರಗುವಂಥವು. ಕಾಳು, ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅವೂ ಹೋದವು. ಬಸ್ಸಾರಲ್ಲಿ ಆ ನೀರೇ ಸಾರು, ಬೆಂದದ್ದು ಪಲ್ಯ, ಏನೂ ಹೋಗುವುದಿಲ್ಲ. ಹೆಸರುಕಾಳು, ಹುರುಳಿ, ಅವರೆ ಯಾವುದಾದರೂ ಸರಿ. ಸೊಪ್ಪು ದಂಟು, ಹರಿವೆ, ನುಗ್ಗೆ. ಅನ್ನ ಬೇಕೇ ಬೇಕು ಅನ್ನುವವರಿಗೆ ಬೆಳ್ಳನೆಯ ಸೋನಾ ಮಸೂರಿಗಿಂತ ಕುಚ್ಚಲಕ್ಕಿ ಮೇಲು. ಬತ್ತವಿರುವಾಗಲೇ ಬೇಯಿಸುವುದರಿಂದ ಸಿಪ್ಪೆಯ ಬಿ1 ಕಾಳಿನೊಳಗೆ ಇಳಿದಿರುತ್ತದೆ. ಅಕ್ಕಿ ನಾಲ್ಕು ನೀರಲ್ಲಿ ತಿಕ್ಕಿ ತೊಳೆಯಬೇಡಿ.

ಎಣ್ಣೆ ಬಿಟ್ಟ ಗಂಡಸರು ಟೀಗೆ ಬೀಳುತ್ತಾರೆ, ಟೀ ಜೊತೆ ಎಲೆಅಡಿಕೆ, ಗುಟ್ಕಾ. ಟೀಯಲ್ಲೂ ಅಡಿಕೆಯಲ್ಲೂ ಇರುವ ಒಗರು ಬಿ1ನ್ನು ಹಾಳುಮಾಡುತ್ತದೆ. ಊಟ, ಮಾತ್ರೆಯ ಜೊತೆಗೇ ಟೀ ಬೇಡ. ಒಂದು ಗಂಟೆ ಅಂತರ ಇರಲಿ. ಗುಟ್ಕಾ ವಿಷಯಕ್ಕೆ ನಾನು ಬರೆಯಹೊರಟರೆ ಬೇರೆಯೇ ಪುಟ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸಂಜೆ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಪ್ಯಾಕೆಟ್ ಹೋಗಿ ಕ್ವಾಟ್ರು ಬಂತು. ಸಂಜೆ ಆರರ ಹೊತ್ತು ಮಾತ್ರ ಹಾಗೇ ಉಳಿದಿದೆ. ಗಂಡಸರು ಮಧ್ಯಾಹ್ನ ಒಂದಕ್ಕೆ ಉಂಡು, ಕೆಲಸ ಮುಗಿಸಿ ಹೊರಬೀಳುವಾಗ ಹೊಟ್ಟೆ ಖಾಲಿ, ಮೈ ದಣಿದಿರುತ್ತದೆ, ಮನಸ್ಸು ಕಿರಿಕಿರಿ. ಆ ಹಸಿವನ್ನೇ ಅವರ ಮೈ ಎಣ್ಣೆಯ ಬಯಕೆ ಅಂತ ಓದಿಕೊಳ್ಳುತ್ತದೆ. ಕೇಂದ್ರದಲ್ಲಿ ಐದೂವರೆಗೆ ಗಂಟೆ ಹೊಡೆದು ತಟ್ಟೆ ಇಡುತ್ತೇವೆ, ಯಾರೂ ತಪ್ಪಿಸುವ ಹಾಗಿಲ್ಲ. ಒಂದು ಬಾಳೆಹಣ್ಣು, ಒಂದು ಮುಷ್ಟಿ ಬೇಯಿಸಿದ ಕಡಲೆಕಾಯಿ, ಒಂದು ಚಿಗಳಿ. ಎಳ್ಳು ಹುರಿದು ಬೆಲ್ಲದ ಜೊತೆ ಕುಟ್ಟಿದ ಉಂಡೆ ಅದು. ಇಲ್ಲವೇ ಕಾಯಿತುರಿ, ಬೆಲ್ಲ ಹಾಕಿದ ಅವಲಕ್ಕಿ. ಕುಡಿತ ಬಿಟ್ಟ ಹೊಸದರಲ್ಲಿ ಸಿಹಿ ಕೇಳುವುದು ಸಹಜ, "ಮಗುವಿನ ಹಾಗೆ ಸಿಹಿ ಕೇಳ್ತಾರೆ" ಅಂತ ನಗಬೇಡಿ, ಕೊಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲದ ಬದಲು ಹೆಸರುಕಾಳಿನ ಉಸಲಿ. ಕೆಲಸದ ಜಾಗ ದೂರವಿದ್ದರೆ ಇದನ್ನೇ ಡಬ್ಬಿಯಲ್ಲಿ ಕಟ್ಟಿಕೊಡಿ, ವೈನ್ ಶಾಪ್ ಮುಂದೆ ಬಸ್ ಇಳಿಯುವ ಮೊದಲೇ ತಿಂದಿರಬೇಕು.

ಒಂದು ಸೂಕ್ಷ್ಮ ಇದೆ. ಅದೇ ಕಡಲೆಬೀಜಕ್ಕೆ ಖಾರದಪುಡಿ, ಈರುಳ್ಳಿ, ನಿಂಬೆಹಣ್ಣು ಬಿದ್ದರೆ ಅದು ಬಾರಿನ ಸೈಡ್ಸ್. ಆ ವಾಸನೆಗೇ ಕೈ ಗ್ಲಾಸ್ ಹುಡುಕುತ್ತದೆ. ಕಾಂಗ್ರೆಸ್ ಕಡಲೆಬೀಜ, ಬೋಟಿ ಫ್ರೈ, ಮೆಣಸು ಉದುರಿಸಿದ ಮೊಟ್ಟೆ ಇವು ಕೆಲವು ತಿಂಗಳು ಸಂಜೆಯ ಮನೆಯಲ್ಲಿ ಕಾಣಿಸಬಾರದು. ಮೊಟ್ಟೆ ಬೆಳಗ್ಗೆ ಕೊಡಿ. ಮಾಂಸ ಬೇಕಾದರೆ ಮಧ್ಯಾಹ್ನ ಸಾರು ಮಾಡಿ. ನಮ್ಮ ಕಡೆ ರಾತ್ರಿ ಬಾಡೂಟ ಅಂದರೆ ಎಣ್ಣೆ ಇದ್ದದ್ದೇ. ಬೀಗರೂಟದ ಕರೆ ಬಂದರೆ ಮೊದಲ ವರ್ಷ ನೀವೊಬ್ಬರೇ ಹೋಗಿಬನ್ನಿ. ಅವರೇ ಹೋಗಬೇಕಾದ ಹತ್ತಿರದ ನೆಂಟರಾದರೆ ಮನೆಯಲ್ಲಿ ಅರ್ಧ ಮುದ್ದೆ ಉಂಡು, ಮೊದಲ ಪಂಕ್ತಿಯಲ್ಲಿ ಕೂತು, ಕೈತೊಳೆದು ಎದ್ದುಬರಲಿ. ಚಪ್ಪರದ ಹಿಂದೆ ನಿಂತಿರುವ ಕಾರಿನ ಡಿಕ್ಕಿ ಕಡೆಗೆ "ಬಾರಪ್ಪ ಒಂಚೂರು" ಅಂತ ಕರೆಯುವ ಅಳಿಯನೋ ಭಾವನೋ ಯಾರು ಅಂತ ನಿಮಗೂ ಗೊತ್ತಿರುತ್ತದೆ. ಅವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ.

ರಾತ್ರಿ ಊಟ ಎಂಟರೊಳಗೆ. ಮಲಗುವ ಮುಂಚೆ ಒಂದು ಲೋಟ ಹಾಲು ಅಥವಾ ರಾಗಿ ಮಾಲ್ಟ್. ಲಿವರ್ ಗಟ್ಟಿಯಾಗಿದೆ ಅಂದವರಿಗೆ ಇದನ್ನು ತಪ್ಪಿಸಲೇಬಾರದು, ರಾತ್ರಿಯೆಲ್ಲ ಹಸಿದಿದ್ದರೆ ಮೈ ತನ್ನ ಮಾಂಸಖಂಡವನ್ನೇ ತಿನ್ನುತ್ತದೆ. ಲಿವರ್ ಕೆಟ್ಟಿದೆ ಅಂತ ಬೇಳೆ, ಮೊಟ್ಟೆ ನಿಲ್ಲಿಸಿ ಬರೀ ಗಂಜಿ ಹಾಕುವುದು ಹಳೆಯ ಪದ್ಧತಿ. ಈಗ ಡಾಕ್ಟರು ಪ್ರೋಟೀನ್ ಜಾಸ್ತಿಯೇ ಕೊಡಿ ಅನ್ನುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪು ಕಡಿಮೆ. ಕಿಡ್ನಿ ಸರಿಯಿಲ್ಲದವರಿಗೆ ಎಳನೀರು, ಬಾಳೆಹಣ್ಣು ಕೇಳದೆ ಕೊಡಬೇಡಿ. ನಿದ್ದೆ ಸರಿಹೋಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಮೆಡಿಕಲ್ ಶಾಪಿಂದ ನಿದ್ದೆ ಮಾತ್ರೆ ತರಬೇಡಿ, ಅದೇ ಹೊಸ ಚಟವಾಗುತ್ತದೆ. ನಾಲ್ಕರ ಮೇಲೆ ಕಾಫಿ ಬಿಡಿಸಿ, ಬೆಳಗ್ಗೆ ಬಿಸಿಲಲ್ಲಿ ನಡೆಸಿ, ತೋಟವಿದ್ದರೆ ಗುದ್ದಲಿ ಕೈಗೆ ಕೊಡಿ. ನಮ್ಮಲ್ಲಿ ಯೋಗ ಹೇಳಿಕೊಡುವ ಮೇಷ್ಟ್ರು ಉಸಿರು ನಿಧಾನವಾಗಿ ಬಿಡುವುದಷ್ಟನ್ನೇ ವಾರಗಟ್ಟಲೆ ಮಾಡಿಸುತ್ತಾರೆ. ಆಸೆ ಉಕ್ಕುವ ಆ ಹದಿನೈದಿಪ್ಪತ್ತು ನಿಮಿಷ ದಾಟಲು ಅದು ಸಾಕು ಅನ್ನುತ್ತಾರೆ ಅವರು. ಒಂಟಿಯಾಗಿ ಬಿಡಬೇಡಿ. ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೆ ದುಡ್ಡು ಕೇಳುವುದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಎಂಟು ದಿನದ್ದು, ಆಮೇಲೂ ನವಜೀವನ ಸಮಿತಿಯಲ್ಲಿ ಜೊತೆಗಾರರು ಸೇರುತ್ತಿರುತ್ತಾರೆ.

"ಗಂಡನಿಗೆ ಗೊತ್ತಾಗದ ಹಾಗೆ ಸಾರಲ್ಲಿ ಬೆರೆಸಿ" ಅನ್ನುವ ಪುಡಿಯ ಜಾಹೀರಾತು ನಿಮಗೂ ಬಂದಿರುತ್ತದೆ. ಅದರಲ್ಲಿ ಏನಿದೆಯೋ ಮಾರುವವರೂ ಹೇಳುವುದಿಲ್ಲ. ಕುಡಿದರೆ ಮೈ ಒದ್ದಾಡುವಂತೆ ಮಾಡುವ ಡೈಸಲ್ಫಿರಾಂ ಮಾತ್ರೆಯನ್ನು ಡಾಕ್ಟರೇ ಬರೆದರೂ, ತಿನ್ನುವವರಿಗೆ ತಿಳಿಸಿ ಒಪ್ಪಿಸಿಯೇ ಕೊಡಬೇಕು. ಆ ಮಾತ್ರೆ ತಿನ್ನುವವರಿಗೆ ದ್ರಾಕ್ಷಾರಿಷ್ಟದಂಥ ಅರಿಷ್ಟ, ಆಸವಗಳು, ಕೆಲವು ಕೆಮ್ಮಿನ ಸಿರಪ್ಪು ಬೇಡ. ಅವುಗಳಲ್ಲೂ ಮದ್ಯಸಾರ ಇರುತ್ತದೆ. ಲಿವರಿಗೆ ಒಳ್ಳೆಯದು ಅಂತ ಕಂಡ ಕಷಾಯ ಕುಡಿಸಬೇಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್‌ಗೇ ಪೆಟ್ಟಾದವರ ವಿಷಯವನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು.

ಇಷ್ಟೆಲ್ಲ ಮಾಡಿದರೂ ಒಂದು ರಾತ್ರಿ ಕುಡಿದು ಬರಬಹುದು. ಆ ಹೊತ್ತಲ್ಲಿ ಜಗಳ ಬೇಡ, ತಟ್ಟೆ ಮುಂದಿಟ್ಟು ಹಂಗಿಸುವುದೂ ಬೇಡ. ವಾಂತಿ ಬಂದರೆ ಉಸಿರಿಗೆ ಸಿಕ್ಕದಂತೆ ಮಗ್ಗುಲಾಗಿ ಮಲಗಿಸಿ. ಡೈಸಲ್ಫಿರಾಂ ತಿನ್ನುತ್ತಿದ್ದವರ ಮುಖ ಕೆಂಪೇರಿ ಎದೆ ಬಡಿತ ಜೋರಾದರೆ, ಯಾರಿಗೇ ಆಗಲಿ ರಕ್ತ ವಾಂತಿಯೋ ಕಪ್ಪು ಮಲವೋ ಕಂಡರೆ, ಆ ರಾತ್ರಿಯೇ ಆಸ್ಪತ್ರೆ. ಇಲ್ಲವಾದರೆ ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡಿ, ಕೊಟ್ಟ ತಾರೀಖಿಗೆ ಕಾಯಬೇಡಿ. ಹೋಗುವಾಗ ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್ಪುಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಎಂದಿನಿಂದ ನುಂಗುವುದು ಬಿಟ್ಟಿದ್ದರು ಅನ್ನುವುದು ಉಳಿದ ಮಾತ್ರೆ ಎಣಿಸಿದರೆ ಡಾಕ್ಟರಿಗೆ ತಿಳಿಯುತ್ತದೆ.