ಕ್ರ್ಯಾಪ್ಸ್ ಮೇಜಿನ ಬಳಿ ಭಕ್ಷೀಸು ಕೊಡುವುದನ್ನು ನಾನು ಕಲಿತ ಬಗೆ

ನಾನು ಅರಿಜೋನಾದ ಚಾಂಡ್ಲರ್ ಊರಿನಲ್ಲಿ ನೆಲೆಸಿದವನು. ವರ್ಷಕ್ಕೆ ಮೂರು ನಾಲ್ಕು ಬಾರಿ ಐದು ತಾಸು ಕಾರು ಓಡಿಸಿಕೊಂಡು ಲಾಸ್ ವೇಗಸ್‌ಗೆ ಹೋಗಿ, ಒಂದು ರಾತ್ರಿ ಮತ್ತು ಮರುದಿನ ಬೆಳಿಗ್ಗೆ ಕ್ರ್ಯಾಪ್ಸ್ ಎಂಬ ದಾಳದ ಜೂಜು ಆಡಿ ಬರುವುದು ಹತ್ತು ವರ್ಷಗಳಿಂದ ನಡೆದುಬಂದಿದೆ. ಧರ್ಮರಾಯನ ಕಥೆ ಕೇಳುತ್ತಾ ಬೆಳೆದವನಿಗೆ ದಾಳ ಕೈಗೆ ಬಂದಾಗ ಒಳಗೊಳಗೇ ಸಣ್ಣ ಅಳುಕು ಇದ್ದೇ ಇರುತ್ತದೆ. ಹಾಗಾಗಿ ಪೂರ್ತಿ ಸೋತರೂ ಮನೆಯಲ್ಲಿ ತಲೆ ತಗ್ಗಿಸಬೇಕಾಗದಷ್ಟು, ಅಂದರೆ 400 ಡಾಲರ್ ಮಾತ್ರ, ಜೇಬಿನಲ್ಲಿಟ್ಟುಕೊಂಡು ಹೊರಡುತ್ತೇನೆ. ಆಟದ ಲೆಕ್ಕಾಚಾರವನ್ನು ಮನೆಯಲ್ಲಿ ಕುಳಿತೇ ಕಲಿತಿದ್ದೆ. ಆದರೆ ಮೇಜಿನ ಬಳಿ ಹೇಗೆ ನಿಲ್ಲಬೇಕು, ಯಾರಿಗೆ, ಯಾವಾಗ, ಎಷ್ಟು ಕೊಡಬೇಕು ಎಂಬುದನ್ನು ಮುಖಭಂಗ ಮಾಡಿಕೊಂಡೇ ಕಲಿಯಬೇಕಾಯಿತು.

ಮೊದಲ ಸಲ ನಾನು ಸೇರಿಕೊಂಡದ್ದು ತುಂಬಿದ ಮೇಜಿಗೆ. ಎದುರು ತುದಿಯಲ್ಲಿ ಒಬ್ಬ ಹೆಂಗಸು ಬಹಳ ಹೊತ್ತಿನಿಂದ ದಾಳ ಎಸೆಯುತ್ತಿದ್ದಳು, ಮೇಜಿನ ಸುತ್ತ ಎಲ್ಲರೂ ಗೆಲ್ಲುತ್ತಿದ್ದರು. ದಾಳಗಳು ಅವಳ ಕೈಯಲ್ಲಿರುವಾಗಲೇ ನಾನು 200 ಡಾಲರ್‌ನ ನೋಟುಗಳನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಮೊಣಕೈಗೆ ತಾಗಿಸಿ, ನಮ್ಮಲ್ಲಿ ದೊಡ್ಡವರಿಗೆ ಹಣ ಕೊಡುವ ರೀತಿಯಲ್ಲೇ ಪಣಗಳನ್ನು ನೋಡಿಕೊಳ್ಳುವ ಡೀಲರ್ ಮುಂದೆ ಚಾಚಿದೆ. ಆತ ಬೆಂಕಿ ಕಂಡವನಂತೆ ಎರಡೂ ಕೈಗಳನ್ನು ಹಿಂದಕ್ಕೆಳೆದುಕೊಂಡ. ಅಷ್ಟರಲ್ಲಿ ದಾಳಗಳು ಹಾರಿ ಬಂದವು, ಒಂದು ನನ್ನ ಮಣಿಕಟ್ಟಿಗೆ ಬಡಿದು ಉರುಳಿತು, ನಾಲ್ಕು ಮತ್ತು ಮೂರು ಬಿದ್ದವು. ಏಳು. ಸುತ್ತಿನ ನಡುವೆ ಏಳು ಬಿದ್ದರೆ ಸೋಲು; ಎಸೆಯುವವಳು ಗೆಲ್ಲುತ್ತಾಳೆ ಎಂದು ಮೇಜಿನ ಮೇಲೆ ಇಟ್ಟಿದ್ದ ಪಾಸ್ ಲೈನ್ ಪಣಗಳನ್ನೆಲ್ಲ ಡೀಲರ್‌ಗಳು ಬಾಚಿಕೊಂಡರು. ಯಾರೂ ನನ್ನನ್ನು ಬಯ್ಯಲಿಲ್ಲ. ಹನ್ನೆರಡು ಜನ ಒಟ್ಟಿಗೆ ನನ್ನ ಕಡೆ ನೋಡಿದರು, ಅಷ್ಟೆ. ಬಯ್ದಿದ್ದರೇ ಮೇಲು ಎನ್ನಿಸಿತ್ತು.

ನೋಟನ್ನು ಡೀಲರ್ ಕೈಗೆ ಕೊಡಬಾರದು, ಎರಡು ಎಸೆತಗಳ ನಡುವಿನ ಬಿಡುವಿನಲ್ಲಿ ಮೇಜಿನ ಹಸಿರು ಬಟ್ಟೆಯ ಮೇಲೆ ಇಡಬೇಕು ಎಂಬುದು ಆಮೇಲೆ ತಿಳಿಯಿತು. ಹಣ ಎಷ್ಟಿದೆ, ಯಾರದ್ದು, ಎಲ್ಲಿಗೆ ಹೋಯಿತು ಎಂಬುದೆಲ್ಲ ಮೇಲಿನ ಕ್ಯಾಮೆರಾಕ್ಕೆ ಕಾಣಿಸಬೇಕು. ಕೈಯಿಂದ ಕೈಗೆ ಹೋದದ್ದು ಕಾಣುವುದಿಲ್ಲ. ಯಾರಾದರೂ ಚೆನ್ನಾಗಿ ಎಸೆಯುತ್ತಿರುವಾಗ ಹೊಸಬನು ನಡುವೆ ನುಗ್ಗಿ ನೋಟು ಮುರಿಸಿಕೊಳ್ಳುವುದನ್ನು ಆಟಗಾರರು ಅಪಶಕುನವೆಂದೇ ಎಣಿಸುತ್ತಾರೆ. ಲೆಕ್ಕದ ಪ್ರಕಾರ ದಾಳ ಎಸೆಯುವ ಶೂಟರ್ ಒಬ್ಬರಿಗೆ ಸರಾಸರಿ ಎಂಟೂವರೆ ಎಸೆತಗಳಷ್ಟೇ ಸಿಗುತ್ತವೆ. ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾದಲ್ಲಿ 2009ರ ಮೇ 23ರಂದು ಪೆಟ್ರಿಶಿಯಾ ಡೆಮೌರೊ ಎಂಬಾಕೆ 4 ಗಂಟೆ 18 ನಿಮಿಷ ದಾಳ ಬಿಡದೆ 154 ಬಾರಿ ಎಸೆದದ್ದನ್ನು ಈಗಲೂ ಮೇಜಿನ ಸುತ್ತ ನೆನೆಯುತ್ತಾರೆ. ಅಂಥ ಯೋಗ ತಮ್ಮ ಕಣ್ಣೆದುರಿಗೇ ಒದಗುತ್ತಿದೆಯೇನೋ ಎಂದು ಉಸಿರು ಹಿಡಿದು ನಿಂತವರ ನಡುವೆ ನಾನು ಕೈ ಚಾಚಿದ್ದೆ.

ಸ್ಟಿಕ್‌ಮನ್ ದಾಳಗಳನ್ನು ಕೋಲಿನಿಂದ ಶೂಟರ್ ಕಡೆಗೆ ತಳ್ಳಿದನೆಂದರೆ ಮೇಜಿನ ಒಳಗೆ ಯಾರ ಕೈಯೂ ಇರಕೂಡದು. ಶೂಟರ್ ಒಂದೇ ಕೈಯಲ್ಲಿ ದಾಳ ಹಿಡಿಯಬೇಕು, ಎಸೆದಾಗ ಅವು ಎದುರು ಗೋಡೆಗೆ ತಾಗಬೇಕು. ಲೋಟವನ್ನು ಮೇಜಿನ ಅಂಚಿನ ಮೇಲೆ ಇಡದೆ ಕೆಳಗಿನ ಹಲಗೆಯಲ್ಲಿ ಇಡಬೇಕು. ಇವು ಬೇಗ ರೂಢಿಯಾಗುತ್ತವೆ. ‘ಸೆವೆನ್’ ಎಂಬ ಮಾತನ್ನು ಗಟ್ಟಿಯಾಗಿ ಆಡಬಾರದು ಎಂಬುದನ್ನಂತೂ ನನಗೆ ಯಾರೂ ವಿವರಿಸಬೇಕಾಗಲಿಲ್ಲ: ರಾತ್ರಿ ಹೊತ್ತು ಹಾವಿಗೆ ಹುಳ ಎನ್ನುವ, ಹೊರಡುವಾಗ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವ ಮನೆಯಲ್ಲಿ ಬೆಳೆದವನು ನಾನು. ಅಲ್ಲಿಯವರು ಅದನ್ನು ‘ಬಿಗ್ ರೆಡ್’ ಎನ್ನುತ್ತಾರೆ. ನಾನು ಚಿಪ್‌ಗಳನ್ನು, ಅಂದರೆ ಹಣದ ಬದಲು ಆಡುವ ಬಿಲ್ಲೆಗಳನ್ನು, ಎಣಿಸುವಾಗ ಐದು, ಆರು, ಏಳು ಎಂದು ಕನ್ನಡದಲ್ಲೇ ಎಣಿಸುತ್ತೇನೆ. ಇದುವರೆಗೆ ಯಾರೂ ಆಕ್ಷೇಪಿಸಿಲ್ಲ.

ಭಕ್ಷೀಸಿನ ವಿಷಯ ಇಷ್ಟು ಸುಲಭವಾಗಿ ಹತ್ತಲಿಲ್ಲ. ಊರಿನಲ್ಲಿ ನನಗಿದ್ದ ರೂಢಿಯೆಂದರೆ ಊಟ ಮುಗಿದ ಮೇಲೆ ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಪಕ್ಕ ಹತ್ತೋ ಇಪ್ಪತ್ತೋ ರೂಪಾಯಿ ಬಿಟ್ಟು ಏಳುವುದು. ಅದೇ ಕ್ರಮವನ್ನು ಇಲ್ಲಿಗೂ ತಂದು, ಆಟ ಮುಗಿಸಿ ಹೊರಡುವಾಗ ಗೆದ್ದದ್ದರಲ್ಲಿ ಒಂದು ಭಾಗ ಕೊಟ್ಟರಾಯಿತು ಎಂದುಕೊಂಡಿದ್ದೆ. ಮೊದಲ ಎರಡು ವರ್ಷ ನಾನು ಹೆಚ್ಚು ಕಡಿಮೆ ಏನನ್ನೂ ಕೊಡಲಿಲ್ಲ. ಜಿಪುಣತನ ಕಾರಣವಲ್ಲ, ಹೊರಡುವ ಹೊತ್ತಿಗೆ ಕೊಡಲು ಏನೂ ಉಳಿದಿರುತ್ತಿರಲಿಲ್ಲ. ಗೆಲ್ಲುತ್ತಿರುವಾಗ ಯಾರೂ ಮೇಜು ಬಿಡುವುದಿಲ್ಲ, ಬಿಡುವ ಹೊತ್ತಿಗೆ ಗೆಲುವು ಕರಗಿರುತ್ತದೆ. ಒಂದು ಸಲ ಎರಡು ತಾಸು ನನ್ನ ತಪ್ಪುಗಳನ್ನೆಲ್ಲ ತಾಳ್ಮೆಯಿಂದ ತಿದ್ದಿದ ಡೀಲರ್ ಮುಂದೆ ಖಾಲಿ ಕೈಯಲ್ಲಿ ನಿಂತು ಥ್ಯಾಂಕ್ ಯೂ ಎಂದಾಗ ಆತ ನಗುತ್ತಲೇ ತಲೆಯಾಡಿಸಿದ. ಆ ನಗು ಕಾರಿನಲ್ಲಿ ಕಿಂಗ್‌ಮನ್ ದಾಟುವವರೆಗೂ ನನ್ನನ್ನು ಕಾಡಿತು.

ಒಂದು ಮೇಜಿಗೆ ಎರಡು ಬದಿಯಲ್ಲಿ ಇಬ್ಬರು ಡೀಲರ್‌ಗಳು, ನಡುವೆ ಕೋಲು ಹಿಡಿದ ಸ್ಟಿಕ್‌ಮನ್, ಅವರ ಎದುರಿಗೆ ಚಿಪ್‌ಗಳ ರಾಶಿಯನ್ನು ಕಾಯುತ್ತಾ ಕುಳಿತ ಬಾಕ್ಸ್‌ಮನ್ ಇರುತ್ತಾರೆ. ಸಾಮಾನ್ಯವಾಗಿ ನಾಲ್ವರ ತಂಡದಲ್ಲಿ ಮೂವರು ನಿಂತು ಆಡಿಸುವಾಗ ಒಬ್ಬರು ವಿರಾಮದಲ್ಲಿರುತ್ತಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಗುತ್ತದೆ. ನೆವಾಡಾದಲ್ಲಿ 2024ರ ಜುಲೈನಿಂದ ಕನಿಷ್ಠ ವೇತನ ಗಂಟೆಗೆ 12 ಡಾಲರ್, ಹೆಚ್ಚಿನ ಡೀಲರ್‌ಗಳ ಮೂಲ ಸಂಬಳ ಅದರ ಆಸುಪಾಸಿನಲ್ಲೇ ಇರುತ್ತದೆ. ಮನೆ ನಡೆಯುವುದು ‘ಟೋಕ್’ ಎಂದು ಅವರು ಕರೆಯುವ ಭಕ್ಷೀಸಿನಿಂದ. ದೊಡ್ಡ ಕ್ಯಾಸಿನೊಗಳಲ್ಲಿ ಅದನ್ನೆಲ್ಲ ಒಂದೇ ಹುಂಡಿಗೆ ಹಾಕಿ ದುಡಿದ ತಾಸುಗಳ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಬಾಕ್ಸ್‌ಮನ್ ಮತ್ತು ಮೇಲ್ವಿಚಾರಕರಿಗೆ ಸಾಮಾನ್ಯವಾಗಿ ಅದರಲ್ಲಿ ಪಾಲಿಲ್ಲ. 2006ರಲ್ಲಿ ಲಾಸ್ ವೇಗಸ್‌ನ ಮುಖ್ಯ ಕ್ಯಾಸಿನೊ ಬೀದಿಯಾದ ಸ್ಟ್ರಿಪ್‌ನ ಕ್ಯಾಸಿನೊ ಒಂದು ಮೇಲ್ವಿಚಾರಕರಿಗೂ ಪಾಲು ಕೊಡಲು ಹೊರಟಾಗ ಡೀಲರ್‌ಗಳು ವರ್ಷಗಟ್ಟಲೆ ಹೋರಾಡಿದರು. ಇದು ಗೊತ್ತಾದ ಮೇಲೆ, ನನಗೆ ಸಹಾಯ ಮಾಡಿದವನು ವಿರಾಮಕ್ಕೆ ಹೋದನಲ್ಲ, ಅವನಿಗೆ ಹೇಗೆ ತಲುಪಿಸಲಿ ಎಂಬ ಚಿಂತೆ ತಪ್ಪಿತು.

ನನಗೆ ದಾರಿ ತೋರಿಸಿದವರು ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯ ಆಟಗಾರರು. ಪ್ರತಿ ಹೊಸ ಸುತ್ತಿನ ಮೊದಲ ಎಸೆತಕ್ಕೆ ಮುಂಚೆ ಅವರು ತಮ್ಮ ಪಾಸ್ ಲೈನ್ ಪಣದ ಪಕ್ಕದಲ್ಲಿ ಕೆಂಪು ಬಣ್ಣದ ಐದು ಡಾಲರ್ ಚಿಪ್ ಒಂದನ್ನು ಇಟ್ಟು, ಇದು ನಿಮ್ಮದು ಎನ್ನುತ್ತಿದ್ದರು. ಡೀಲರ್ ಕೂಡಲೇ ಬಾಕ್ಸ್‌ಮನ್‌ಗೆ ಕೇಳುವಂತೆ ಅದನ್ನು ಕೂಗಿ ಹೇಳುತ್ತಿದ್ದ. ಗೆದ್ದರೆ ಚಿಪ್ ಮತ್ತು ಗೆಲುವು ಎರಡನ್ನೂ ತೆಗೆದು, ಚಿಪ್ಪಿನ ಅಂಚಿನಿಂದ ಟಕ್ ಟಕ್ ಎಂದು ಎರಡು ಬಾರಿ ತಟ್ಟಿ, ತಂಡದ ಪರವಾಗಿ ವಂದನೆ ಹೇಳಿ ಪೆಟ್ಟಿಗೆಗೆ ಹಾಕುತ್ತಿದ್ದ. ಕೊಡುಗೆಯೂ ಪಣವೇ ಆದಾಗ, ಅಲ್ಲಿಯವರೆಗೆ ಮೇಜಿನ ಆಚೆ ನಿಂತಿದ್ದವರು ಮುಂದಿನ ನಾಲ್ಕೈದು ಎಸೆತಗಳ ಮಟ್ಟಿಗೆ ನಮ್ಮ ಜೊತೆಗೆ ನಿಂತಂತಾಗುತ್ತದೆ. ಸೋತರೂ ಅವರಿಗೆ ಬೇಸರವಿಲ್ಲ; ಯಾರೋ ನೆನೆದರು ಎಂಬುದು ಇಡೀ ಮೇಜಿಗೆ ಗೊತ್ತಾಗಿರುತ್ತದೆ.

ಡೀಲರ್‌ಗಳಿಗಾಗಿ ಎಲ್ಲಿ ಪಣ ಇಡಬೇಕು ಎಂಬುದರಲ್ಲಿ ಮಾತ್ರ ನನ್ನ ಅಭಿಪ್ರಾಯ ಹಲವರಿಗಿಂತ ಬೇರೆ. ಹೆಚ್ಚಿನವರು ‘ಟೂ-ವೇ ಹಾರ್ಡ್ ಸಿಕ್ಸ್’ ಎಂದು ಕೂಗಿ ಎರಡು ಚಿಪ್‌ಗಳನ್ನು ನಡುಭಾಗಕ್ಕೆ ಎಸೆಯುತ್ತಾರೆ, ಒಂದು ತಮಗೆ, ಒಂದು ತಂಡಕ್ಕೆ. ಮೂರು-ಮೂರು ಬಿದ್ದರೆ ಒಂದಕ್ಕೆ ಒಂಬತ್ತು ಸಿಗುತ್ತದೆ, ಕೇಕೆ ಏಳುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ಆ ಪಣದಲ್ಲಿ ಮನೆಯ ಪಾಲು, ಅಂದರೆ ಕ್ಯಾಸಿನೊಗೆ ಸರಾಸರಿ ಉಳಿಯುವುದು, ಶೇ. 9.09, ಹನ್ನೊಂದರ ಮೇಲಿನ ‘ಯೋ’ ಪಣದಲ್ಲಿ ಶೇ. 11.11, ಪಾಸ್ ಲೈನಿನಲ್ಲಿ ಕೇವಲ ಶೇ. 1.41. ಅಂದರೆ ನಾನು ಕೊಡಬೇಕೆಂದುಕೊಂಡ ಐದು ಡಾಲರ್‌ಗಳಲ್ಲಿ ಸರಾಸರಿ 4 ಡಾಲರ್ 93 ಸೆಂಟ್ ಲೈನಿನ ಮೂಲಕ ಡೀಲರ್‌ಗಳಿಗೆ ತಲುಪಿದರೆ, ಹಾರ್ಡ್ ಸಿಕ್ಸ್ ಮೂಲಕ 4 ಡಾಲರ್ 55 ಸೆಂಟ್, ಯೋ ಮೂಲಕ 4 ಡಾಲರ್ 44 ಸೆಂಟ್ ತಲುಪುತ್ತದೆ. ಉಳಿದದ್ದು ಹೋಗುವುದು ಕ್ಯಾಸಿನೊದ ಮಾಲೀಕರಿಗೆ; ಅವರಿಗೆ ಭಕ್ಷೀಸು ಕೊಡುವ ಉದ್ದೇಶ ನನಗಂತೂ ಇಲ್ಲ.

ಒಂದು ರಾತ್ರಿ ಇದು ಕಣ್ಣೆದುರಿಗೇ ನಡೆಯಿತು. ಪಾಯಿಂಟ್, ಅಂದರೆ ಏಳಕ್ಕೆ ಮೊದಲು ಮತ್ತೆ ಬೀಳಬೇಕಾದ ಸಂಖ್ಯೆ, ಆರು. ತಂಡಕ್ಕಾಗಿ ನನ್ನ ಐದು ಡಾಲರ್ ಲೈನಿನಲ್ಲಿತ್ತು. ಅದರ ಹಿಂದೆ ಇನ್ನೊಂದು ಐದು ಡಾಲರ್ ಚಿಪ್ಪನ್ನು ‘ಆಡ್ಸ್’ ಎಂಬ ಹೆಚ್ಚುವರಿ ಪಣವಾಗಿ ಇಟ್ಟೆ. ಅದರಲ್ಲಿ ಮನೆಗೆ ಪಾಲೇ ಇಲ್ಲ, ಪಾಯಿಂಟ್ ಆರಾಗಿದ್ದರೆ ಐದು ಡಾಲರ್‌ಗೆ ಆರು ಡಾಲರಿನಂತೆ ಕೊಡುತ್ತಾರೆ. ಎಡಗಡೆ ನಿಂತಿದ್ದ ಯುವಕ ತಂಡಕ್ಕಾಗಿ ಹಾರ್ಡ್ ಸಿಕ್ಸ್ ಮೇಲೆ ಐದು ಡಾಲರ್ ಎಸೆದ. ಮೂರನೆಯ ಎಸೆತಕ್ಕೆ ಆರು ಬಂತು, ಆದರೆ ನಾಲ್ಕು-ಎರಡಾಗಿ ಬಂತು. ಅವನ ಚಿಪ್ ಹೋಯಿತು. ನನ್ನ ಹತ್ತು ಡಾಲರ್ ಇಪ್ಪತ್ತೊಂದಾಗಿ ಪೆಟ್ಟಿಗೆ ಸೇರಿತು. ಡೀಲರ್‌ಗಳು ನಮ್ಮಿಬ್ಬರಿಗೂ ಒಂದೇ ಬಗೆಯಲ್ಲಿ ವಂದನೆ ಹೇಳಿದರು, ಅದು ಸರಿಯೂ ಹೌದು. ಮೂರು-ಮೂರು ಬಿದ್ದಿದ್ದರೆ ಅವನ ಕೊಡುಗೆ ಐವತ್ತಾಗುತ್ತಿತ್ತು, ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದರು, ನನ್ನ ಲೆಕ್ಕವನ್ನು ಕೇಳುವವರೇ ಇರುತ್ತಿರಲಿಲ್ಲ.

ಚಿಪ್ಪನ್ನು ಪಕ್ಕದಲ್ಲಿಡದೆ ನನ್ನ ಪಣದ ಮೇಲೆಯೇ ಏರಿಸಿ ಇಡುವುದು ಇನ್ನೊಂದು ಕ್ರಮ. ಪಕ್ಕದಲ್ಲಿಟ್ಟದ್ದು ಡೀಲರ್‌ಗಳ ಸ್ವಂತ ಪಣವಾಗುವುದರಿಂದ ಗೆದ್ದ ಕೂಡಲೇ ಅವರು ಅದನ್ನು ಇಳಿಸಬೇಕಾಗುತ್ತದೆ; ಮೇಲೆ ಏರಿಸಿದ್ದು ಬಹುತೇಕ ಕಡೆ ನನ್ನ ಹಿಡಿತದಲ್ಲೇ ಇರುತ್ತದೆ, ಗೆಲುವನ್ನು ಮಾತ್ರ ಅವರು ತೆಗೆದುಕೊಂಡು ಮೂಲ ಚಿಪ್ ಮುಂದಿನ ಸುತ್ತಿಗೂ ಉಳಿಯುತ್ತದೆ. ಇಡುವ ಮೊದಲು ಬಾಯಿಬಿಟ್ಟು ಹೇಳುವುದು ಅಗತ್ಯ. ಹೇಳದೆ ಏರಿಸಿಟ್ಟು, ಆಮೇಲೆ ಅದು ನನ್ನದೋ ಅವರದೋ ಎಂಬ ಗೊಂದಲವಾಗಿ, ಬಾಕ್ಸ್‌ಮನ್ ಆಟ ನಿಲ್ಲಿಸಿ ವಿಚಾರಿಸುವಂತೆ ಮಾಡಿದ್ದೂ ಉಂಟು.

ಈಗ ನಾನು ಪಾಲಿಸುವ ಲೆಕ್ಕ ಹೀಗಿದೆ: ಹದಿನೈದು ಡಾಲರ್ ಕನಿಷ್ಠ ಪಣದ ಮೇಜಿನಲ್ಲಿ ತಾಸಿಗೆ ಎರಡು ಅಥವಾ ಮೂರು ಬಾರಿ ಐದೈದು ಡಾಲರ್, ಗೆದ್ದರೂ ಸೋತರೂ. ಪಾನೀಯ ತಂದುಕೊಡುವವರಿಗೆ ಪ್ರತಿ ಲೋಟಕ್ಕೆ ಎರಡು ಡಾಲರ್, ನಾನು ಕುಡಿಯುವುದು ಬರೀ ಸೋಡಾ ಆದರೂ. ಭಕ್ಷೀಸು ಕೊಡದಿದ್ದರೆ ಡೀಲರ್ ಕಡಿಮೆ ಹಣ ಕೊಡುತ್ತಾನೆ ಎಂಬ ಭಯ ಯಾರಿಗೂ ಬೇಡ, ಪಾವತಿಯನ್ನು ಕಾಯಲು ಮೂರು ಜೊತೆ ಕಣ್ಣುಗಳಿವೆ. ಇನ್ನು ಹಣದಷ್ಟೇ ಅವರು ಮೆಚ್ಚುವುದು ಕೆಲಸ ಹಗುರಾಗುವಂತೆ ಆಡುವವರನ್ನು. ಆರು ಅಥವಾ ಎಂಟು ಏಳಕ್ಕೆ ಮೊದಲು ಬೀಳುತ್ತದೆ ಎಂದು ಇಡುವ ‘ಪ್ಲೇಸ್’ ಪಣವನ್ನು ಆರರ ಗುಣಕದಲ್ಲಿ, ಹದಿನೆಂಟು ಡಾಲರ್ ಎಂದು ಕೊಟ್ಟರೆ ಗೆದ್ದಾಗ ನೇರವಾಗಿ ಇಪ್ಪತ್ತೊಂದು ಕೊಡಬಹುದು. ಇಪ್ಪತ್ತು ಎಂದು ಕೊಟ್ಟು ಚಿಲ್ಲರೆ ಲೆಕ್ಕ ಹುಟ್ಟಿಸುವವನು, ದಾಳ ಹಾರಿದ ಮೇಲೆ ಪಣ ಕೂಗುವವನು, ಸೋತದ್ದಕ್ಕೆ ಸ್ಟಿಕ್‌ಮನ್‌ನನ್ನು ಹೊಣೆ ಮಾಡುವವನು ಎಷ್ಟೇ ಭಕ್ಷೀಸು ಕೊಟ್ಟರೂ ಹೊರಟಾಗ ಮೇಜು ನಿಟ್ಟುಸಿರು ಬಿಡುತ್ತದೆ.

ನನ್ನದೂ ಒಂದು ತಪ್ಪು ಇಲ್ಲಿ ಸೇರುತ್ತದೆ. ಶೂಟರ್ ವಿರುದ್ಧ ಆಡುವ ‘ಡೋಂಟ್ ಪಾಸ್’ ಪಣದಲ್ಲಿ ಮನೆಯ ಪಾಲು ಶೇ. 1.36 ಮಾತ್ರ ಎಂದು ಓದಿ, ಎಂಜಿನಿಯರ್ ಹುರುಪಿನಲ್ಲಿ ಒಂದು ಸಂಜೆಯೆಲ್ಲ ಅದನ್ನೇ ಆಡಿದೆ. ಏಳು ಬಿದ್ದು ಎಲ್ಲರೂ ಸೋತಾಗ ನಾನೊಬ್ಬನೇ ಗೆದ್ದೆ, ಗೆದ್ದವನು ಚಪ್ಪಾಳೆ ತಟ್ಟಿದೆ. ಸಾವಿನ ಮನೆಯಲ್ಲಿ ಹೋಳಿಗೆ ಬಡಿಸಿದಂತಾಯಿತು. ಆ ಪಣ ನಿಯಮಬದ್ಧವೇ, ಆಡುವುದರಲ್ಲಿ ತಪ್ಪಿಲ್ಲ. ಗೆದ್ದಾಗ ಬಾಯಿ ಮುಚ್ಚಿಕೊಂಡು ಚಿಪ್ ಎತ್ತಿಕೊಳ್ಳಬೇಕು.

ಹೋದ ಸಲ ಭಾನುವಾರ ಬೆಳಿಗ್ಗೆ ಆರೂವರೆಗೆ ಮೇಜಿನಲ್ಲಿ ನಾನೊಬ್ಬನೇ ಇದ್ದೆ. ಒಂದು ದಾಳ ಹಾರಿ ನೆಲಕ್ಕೆ ಬಿತ್ತು. ನಾನು ಕೇಳುವ ಮೊದಲೇ ಸ್ಟಿಕ್‌ಮನ್, ಅದೇ ದಾಳ ತಾನೇ ಸರ್ ಎಂದು ವಿಚಾರಿಸಿ, ಬಾಕ್ಸ್‌ಮನ್ ಅದನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದ ಮೇಲೆ ನನ್ನತ್ತ ತಳ್ಳಿದ. ಹಿಂದಿನ ರಾತ್ರಿ ನಾನು ಹಾಗೆ ಕೇಳಿದ್ದನ್ನು ಆತ ನೆನಪಿಟ್ಟುಕೊಂಡಿದ್ದ. ಮುಂದಿನ ಎಸೆತಕ್ಕೇ ಏಳು ಬಿದ್ದು ನನ್ನ ಹದಿನೈದೂ ಅವರ ಐದೂ ಹೋದವು. ಉಳಿದ ಚಿಪ್‌ಗಳನ್ನು ದೊಡ್ಡ ಚಿಪ್‌ಗಳಿಗೆ ಬದಲಿಸಿಕೊಳ್ಳಲು ಮುಂದಿಟ್ಟು, ಒಂದು ಕೆಂಪು ಚಿಪ್ಪನ್ನು ಬೇರೆ ಮಾಡಿ, ಈ ಬಾರಿ ಪಣವಿಲ್ಲದೆ, ಬಟ್ಟೆಯ ಮೇಲೆ ಸರಿಸಿದೆ. ಟಕ್ ಟಕ್ ಸದ್ದಾಯಿತು. ಕಾರಿಗೆ ಬಂದು ಲೆಕ್ಕದ ಪುಸ್ತಕ ತೆಗೆದು ಸೋತದ್ದು 115, ಭಕ್ಷೀಸು 45 ಎಂದು ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡು ಹೊರಟೆ.