ಹುಬ್ಬಳ್ಳಿಯಿಂದ ಶಿರೋಳಕ್ಕೆ: ಮನೆಗೊಂದು ಗಂಟಿನ ಲೆಕ್ಕದಲ್ಲಿ ಹಳೆ ಅರಿವೆ

ನಾವು ಹುಬ್ಬಳ್ಳಿಯಲ್ಲಿ ಹಳೆ ಅರಿವೆ (ಬಟ್ಟೆ) ಕೂಡಿಸಿ, ಗಂಟು ಕಟ್ಟಿ, ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ನೆರೆ ಊರುಗಳಿಗೆ ಕಳಿಸುವವರು. ಹೊಳೆ (ನೆರೆ ನೀರು) ಇಳಿದು ಮೂರು ವಾರ ಆದ ಮೇಲೆ ಅರಿವೆ ಕಳಿಸುತ್ತೇವೆ ಅಂದಾಗ, ಇದೇ ಕೆಲಸದಲ್ಲಿ ಇರುವ ಹುಬ್ಬಳ್ಳಿ-ಧಾರವಾಡದ ಗೆಳೆಯರು ಯಾರೂ ಒಪ್ಪಲಿಲ್ಲ. ‘ಅಷ್ಟೊತ್ತಿಗೆ ಯಾರಿಗೆ ಬೇಕ್ರಿ?’ ಅನ್ನುವುದು ಒಂದು ತಕರಾರು. ‘ನಮ್ಮ ಕೊಣ್ಣೂರು, ಹೊಳೆಆಲೂರು ಮುಳುಗ್ಯಾವ, ಮಹಾರಾಷ್ಟ್ರಕ್ಕ ಯಾಕ ಒಯ್ತೀರಿ?’ ಅನ್ನುವುದು ಇನ್ನೊಂದು. ಎರಡನೆಯದು ನ್ಯಾಯವಾದ ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಗದಗ ಜಿಲ್ಲೆಯ ದಂಡೆಯ ಊರುಗಳಿಗೆ ನುಗ್ಗಿದಾಗ ಮೊದಲ ಗಾಡಿ ಅಲ್ಲಿಗೇ ಹೋಯಿತು. ಆದರೆ ಡಾಂಬರು ರಸ್ತೆ ಇರುವ ಕಡೆ ಮೊದಲ ವಾರವೇ ಅರಿವೆಯ ರಾಶಿ ಬಿದ್ದಿತ್ತು. ಕೃಷ್ಣೆ, ಪಂಚಗಂಗೆ ಕೂಡುವ ನರಸೋಬಾವಾಡಿ, ಕುರುಂದವಾಡದ ಸುತ್ತಿನ ಒಳ ಊರುಗಳಿಗೆ ಮುಟ್ಟಿದ್ದು ಕಡಿಮೆ. ಚಿಕ್ಕೋಡಿ ಕಡೆಯಿಂದ ಹೋಗಬೇಕೆಂದರೆ ಮಲಿಕವಾಡ-ದತ್ತವಾಡ ಸೇತುವೆ ನೀರೊಳಗೆ, ಹೆದ್ದಾರಿ ಹಿಡಿಯಬೇಕೆಂದರೆ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ರಸ್ತೆ ಮೇಲೆ ವೇದಗಂಗೆ.

2019, 2021ರ ಹೊಳೆ, ನಡುವೆ ಕಬ್ಬಿನ ಹಂಗಾಮು, ಎಲ್ಲ ಸೇರಿ ಈಗ ಸುಮಾರು 550 ಗಂಟು, ಐದು ಟನ್ನಿನ ಆಸುಪಾಸು ಅರಿವೆ ಗಡಿ ದಾಟಿದೆ. ‘ಇದು ನಮಗೆ ಬೇಡ’ ಎಂದು ಬಿಚ್ಚಿದ ಮೇಲೆ ಹೊಳ್ಳಿ ಬಂದದ್ದು ಇಪ್ಪತ್ತೋ ಇಪ್ಪತ್ತೈದೋ ಗಂಟು.

ಮೂರು ವಾರ ಯಾಕೆ ಅಂದರೆ, ನೀರು ನಿಂತಾಗ ಜನ ಶಾಲೆಯಲ್ಲಿ, ಗುಡಿಯಲ್ಲಿ ಇರುತ್ತಾರೆ. ಅರಿವೆ ಇಡಲು ಗೂಟವಿಲ್ಲ, ಒಗೆಯಲು ಚೊಕ್ಕ ನೀರಿಲ್ಲ. ಕೊಟ್ಟದ್ದನ್ನು ಎರಡು ದಿನ ಉಟ್ಟು ಬಿಸಾಡುತ್ತಾರೆ, ಬೇರೆ ದಾರಿಯೂ ಇಲ್ಲ. ಮನೆಗೆ ಹೊಳ್ಳಿ, ಕೆಸರು ತೆಗೆದು, ಪೆಟ್ಟಿಗೆ ಬಿಚ್ಚಿ ನೋಡಿದಾಗಲೇ ಏನು ಉಳಿದಿದೆ, ಏನು ಕೊಳೆತಿದೆ ಗೊತ್ತಾಗುವುದು. ಆಗ ಯಾದಿ (ಪಟ್ಟಿ) ಬರೆಸಬೇಕು. ಮನೆಗೊಂದು ಸಾಲು: ಹೆಂಗಸರು ಎಷ್ಟು, ಉಡುವ ಸೀರೆ ಆರು ವಾರಿಯದೋ (ಗಜದ್ದೋ) ಒಂಬತ್ತು ವಾರಿಯದೋ, ಗಂಡಸರು ಎಷ್ಟು, ಪ್ಯಾಂಟೋ ಧೋತರವೋ, ಮಕ್ಕಳ ವಯಸ್ಸು, ಬಾಣಂತಿ ಇದ್ದಾಳೋ. ಶಿರೋಳ ತಾಲ್ಲೂಕಿನಲ್ಲಿ ಕನ್ನಡ ಬಲ್ಲವರಿಗೆ ಬರವಿಲ್ಲ, ಅದೊಂದು ಅನುಕೂಲ. ಯಾದಿ ಊರಿನ ಆಶಾ ಕಾರ್ಯಕರ್ತೆ ಬರೆದದ್ದಾದರೆ ಕಣ್ಣು ಮುಚ್ಚಿ ನಂಬಬಹುದು. ಮುಖಂಡರು ಬರೆದ ಯಾದಿಯನ್ನು ಎರಡು ಸಲ ತಾಳೆ ನೋಡಬೇಕು.

ಒಂದು ಗಂಟಿನ ತೂಕ 9ರಿಂದ 10 ಕೆಜಿ. ಐದು ಜನರ ಮನೆಗೆ ಸೀರೆ 2, ಪರಕಾರ (ಒಳಲಂಗ) 2, ಅಂಗಿ 2, ಪ್ಯಾಂಟ್ 1, ಲುಂಗಿ ಅಥವಾ ಧೋತರ 1, ಮಕ್ಕಳ ಜೋಡಿ ಯಾದಿಯಂತೆ, ಹಾಸಿಗೆ ಚಾದರ 2, ಸ್ವೆಟರ್ ಇದ್ದರೆ 1, ಕೌದಿ (ಹಳೆ ಸೀರೆ ಪದರ ಹಾಕಿ ಹೊಲಿದ ಹೊದಿಕೆ) ಇದ್ದರೆ 1. ಟಾವೆಲ್ ಮತ್ತು ಒಳ ಅರಿವೆ ಹೊಸದೇ ಆಗಬೇಕು, ಇದರಲ್ಲಿ ರಾಜಿ ಬೇಡ. ಹೊಲಿದ ಕುಬಸ (ರವಿಕೆ) ನಾವು ತೆಗೆದುಕೊಳ್ಳುವುದೇ ಇಲ್ಲ. ಮೊದಲ ಸಲ ಇನ್ನೂರರ ಮೇಲೆ ಕಳಿಸಿದ್ದೆವು, ಮೈಗೆ ಸರಿಯಾಗಿ ಕೂತದ್ದು ಹತ್ತರಲ್ಲಿ ಒಂದೂ ಇಲ್ಲ. ಅದರ ಬದಲು 80 ಸೆಂಟಿಮೀಟರಿನ ಹೊಸ ಕುಬಸದ ಕಣ (ಹೊಲಿಯದ ತುಂಡು), ಒಂದು ಸೂಜಿ, ಒಂದು ದಾರದ ಉಂಡೆ. ಮಕ್ಕಳಿಗೆ ಯಾವಾಗಲೂ ವಯಸ್ಸಿಗಿಂತ ಒಂದು ವರ್ಷ ದೊಡ್ಡದು.

ಒಂಬತ್ತು ವಾರಿ ನಮಗೆ ಬಹಳ ಕಾಡಿತು. ಅಲ್ಲಿನ ವಯಸ್ಸಾದ ಹೆಂಗಸರು ಕಚ್ಚೆ ಹಾಕಿ ಉಡುವವರು. ಆರು ವಾರಿಯ ಸೀರೆಗೆ ಇನ್ನೊಂದು ಸೀರೆಯ ತುಂಡು ಜೋಡಿಸಿ ಹೊಲಿಸಿ ನೋಡಿದೆವು. ಜೋಡಣೆಯ ದಪ್ಪ ಹೊಲಿಗೆ ಸರಿಯಾಗಿ ಕಚ್ಚೆಯ ಜಾಗಕ್ಕೇ ಬಂದು ತೊಡೆ ತರಚಿತು. ಮೂವತ್ತು ಸೀರೆ ಹೊಲಿಸಿದ್ದು ದಂಡ. ಕೊನೆಗೆ ಇಲ್ಲಿಯ ಹಳೆಯ ಮನೆಗಳಲ್ಲಿ ‘ಹದಿನೆಂಟು ಮೊಳದ ಸೀರಿ ಅದಾವೇನ್ರಿ ಅಜ್ಜೀರ್ದು?’ ಎಂದು ಬಾಯಿಬಿಟ್ಟು ಕೇಳಲು ಶುರು ಮಾಡಿದ ಮೇಲೆ ಸಿಕ್ಕವು. ಹೆಸರು ಹಿಡಿದು ಕೇಳದಿದ್ದರೆ ಯಾರೂ ಕೊಡುವುದಿಲ್ಲ. ‘ಈಗ ಯಾರು ಉಡ್ತಾರ’ ಎಂದು ಟ್ರಂಕಿನಲ್ಲೇ ಬಿಟ್ಟಿರುತ್ತಾರೆ.

ಇನ್ನು ಹಸಿ. ನಮ್ಮ ದೊಡ್ಡ ನಷ್ಟ ಇದರಲ್ಲೇ. ಆಗಸ್ಟ್‌ನಲ್ಲಿ ಇಲ್ಲಿ ಜಿಟಿಜಿಟಿ ಮಳೆ, ಜನ ಒಗೆದೇ ಕೊಡುತ್ತಾರೆ, ಆದರೆ ಅರ್ಧ ಒಣಗಿದ್ದು. ಮೊದಲ ಸಲ ಒಳಗೆ ಪ್ಲಾಸ್ಟಿಕ್ ಹಾಳೆ ಇರುವ ಸಕ್ಕರೆ ಚೀಲದಲ್ಲಿ ಒತ್ತಿ ತುಂಬಿದ್ದೆವು, ನಲವತ್ತು ಚೀಲ. ಆರನೇ ದಿನ ಬಿಚ್ಚಿದಾಗ ಹದಿನೈದರಲ್ಲಿ ಕರಿ ಚುಕ್ಕೆ ಹಿಡಿದಿತ್ತು, ಅದೂ ನಡುವಿನ ಅರಿವೆಗೆ. ಕೈಯಿಂದ ಮುಟ್ಟಿ ನೋಡಿದರೆ ಹಸಿ ಗೊತ್ತಾಗುವುದಿಲ್ಲ. ಜೀನ್ಸ್ ಪ್ಯಾಂಟಿನ ನಡುಪಟ್ಟಿಯನ್ನು ಹೊರಳಿಸಿ, ಗುಂಡಿಯ ಹಿಂದೆ ನಾಲ್ಕು ಪದರ ಕೂಡುವ ಜಾಗವನ್ನು ಕೆಳತುಟಿಗೆ ಒತ್ತಬೇಕು. ಬೆರಳಿಗೆ ಬರೀ ತಂಪು ಅನ್ನಿಸಿದ್ದು ತುಟಿಗೆ ಹಸಿ ಎಂದು ತಿಳಿಯುತ್ತದೆ. ಅಂಗಿಯಾದರೆ ಕಾಲರಿನ ಒಳಮಡಿಕೆ, ಸೀರೆಯಾದರೆ ಫಾಲ್ ಹಚ್ಚಿದ ಅಂಚು, ಸ್ವೆಟರಾದರೆ ಬಗಲ ಹೊಲಿಗೆ. ಈ ನಾಲ್ಕು ಜಾಗ ಒಣಗಿದ್ದರೆ ಉಳಿದದ್ದು ಒಣಗಿದ ಹಾಗೆಯೇ. ತಗಡಿನ ಶೆಡ್ಡಿನಲ್ಲಿ ಹಗ್ಗ ಕಟ್ಟಿ, ಕೆಳಗಿನಿಂದ ಎರಡು ಪೆಡಸ್ಟಲ್ ಫ್ಯಾನ್ ಬಿಟ್ಟು ಎರಡು ದಿನ. ರಾಶಿಗೆ ಫ್ಯಾನ್ ಬಿಟ್ಟರೆ ಕರೆಂಟ್ ಬಿಲ್ಲು ಬರುತ್ತದೆ ಅಷ್ಟೇ. ಬೂಸರು ವಾಸನೆ ಹಿಡಿದ ಅರಿವೆಯನ್ನು ಉಳಿಸಿಕೊಳ್ಳಲು ನಮ್ಮದೇ ಒಂದು ನೆನೆಹಾಕುವ ಬಗೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಬೇವಿನೆಲೆ ಹಾಕಿ ನೋಡಿದ್ದೂ ಆಯಿತು. ಪೂರ್ತಿ ಒಣಗದ ಎಲೆ ಬಿಳಿ ಅಂಗಿಗೆ ಹಸಿರು ಕಲೆ ಬಿಟ್ಟಿತು. ನುಸಿಗುಳಿಗೆ ಹಾಕುವವರು ಕೂಸಿನ ಅರಿವೆಯ ಹತ್ತಿರ ದಯವಿಟ್ಟು ತರಬೇಡಿ. ಕೆಲವು ಎಳೆ ಮಕ್ಕಳಿಗೆ ನ್ಯಾಫ್ತಲೀನ್‌ನಿಂದ ರಕ್ತಕಣ ಒಡೆದು ಜೀವಕ್ಕೆ ಕುತ್ತು ಬರುತ್ತದೆ.

ಗೋಣಿಚೀಲವೇ ಒಳ್ಳೆಯದು, ಉಸಿರಾಡುತ್ತದೆ. ಹೊಲಿಯಲು ದಬ್ಬಣ, ಸುತಳಿ. ಹೆಂಗಸರು ಹೆಚ್ಚಿರುವ ಮನೆಯ ಗಂಟಿಗೆ ಕೆಂಪು ಸುತಳಿ, ಕೂಸು ಇದ್ದರೆ ಹಳದಿ, ಉಳಿದದ್ದು ಬರಿ ನಾರಿನದು. ಹಮಾಲರಿಗೆ ಓದುವ ಗೋಜಿಲ್ಲ. ಮೇಲೆ ಯಾದಿಯ ನಂಬರು ಮಾತ್ರ, ಮನೆಯವರ ಹೆಸರು ಬೇಡ. ಯಾರಿಗೆ ಏನು ಬಂತು ಎಂಬುದು ಊರ ಮುಂದೆ ಬಯಲಾಗಬಾರದು. ಒತ್ತಿ ಚಿಕ್ಕದು ಮಾಡೋಣ ಎಂದು ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಐದು ಟನ್ನಿನ ಲಾರಿ ಜಾಕಿನಿಂದ ಹತ್ತಿ ಅಂಡಿಗೆಯ ಹಾಗೆ ಒತ್ತಿದೆವು. 40 ಕೆಜಿಯ ಗಟ್ಟಿ ಅಂಡಿಗೆ ಬಂತು ನಿಜ. ಆದರೆ ಮೂರನೆಯದಕ್ಕೆ ಪೆಟ್ಟಿಗೆಯ ಮೂಲೆ ಬಿಟ್ಟಿತು, ಅಂಗಿಯ ಗುಂಡಿಗಳು ಪುಡಿಯಾದವು, ಇಳಿಸಿಕೊಳ್ಳುವ ಕಡೆ ಇಬ್ಬರು ಹೆಂಗಸರಿಗೆ ಎತ್ತಲೂ ಆಗಲಿಲ್ಲ. ನಾಲ್ಕು ಸಾವಿರ ಹೋಯಿತು. ಹತ್ತು ಕೆಜಿ ಗಂಟನ್ನು ಒಬ್ಬ ಮುದುಕಿಯೂ ತಲೆ ಮೇಲೆ ಹೊರುತ್ತಾಳೆ.

ಗಾಡಿಯ ಲೆಕ್ಕ. ಹುಬ್ಬಳ್ಳಿಯಿಂದ ಕೊಲ್ಹಾಪುರ ಹೆದ್ದಾರಿಯಲ್ಲಿ 200 ಕಿಲೋಮೀಟರಿನ ಮೇಲೆ ಸ್ವಲ್ಪ. ಟಾಟಾ ಏಸ್ ಬಾಡಿಗೆ ಹಿಡಿದರೆ ಹೋಗಿ ಬರುವ ಎರಡೂ ಕಡೆಯ ಕಿಲೋಮೀಟರಿಗೆ ಕೊಡಬೇಕು. ಮೇಲೆ ಹಿರೇಬಾಗೇವಾಡಿ, ಹತ್ತರಗಿ, ಕೊಗನೊಳ್ಳಿ ಟೋಲು, ಡ್ರೈವರ್ ಭತ್ಯೆ. ಆಗ ಎಂಟೂವರೆ ಸಾವಿರ ಬಿದ್ದಿತ್ತು. ಹಿಡಿಸುವುದು 70 ಗಂಟು. ತೂಕ ಮುಟ್ಟುವ ಮೊದಲೇ ಜಾಗ ತುಂಬುತ್ತದೆ. ಗಂಟಿಗೆ 120 ರೂಪಾಯಿ ಸಾಗಾಟಕ್ಕೇ ಹೋದರೆ ಈ ಕೆಲಸ ವರ್ಷಕ್ಕೆ ಒಂದೇ ಸಲ ಆಗುತ್ತದೆ. ಏಸ್‌ಗೆ ಒಂದು ಅನುಕೂಲ, ಒಟ್ಟು ತೂಕ 3,000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ದೊಡ್ಡ ಗಾಡಿಯಾದರೆ ನ್ಯಾಷನಲ್ ಪರ್ಮಿಟ್ ಇದೆಯೋ ನೋಡಿಯೇ ಮುಂಗಡ ಕೊಡಿ.

ಅದಕ್ಕೇ ಎಂಎಚ್-09, ಎಂಎಚ್-10 ನಂಬರಿನ ಲಾರಿ ಹಿಡಿದೆವು. ಕೊಲ್ಹಾಪುರ, ಸಾಂಗಲಿ ಕಡೆಯಿಂದ ಬಂದು ಅಮರಗೋಳದ ಮಾರ್ಕೆಟ್ಟಿನಲ್ಲಿ ಮಾಲು ಇಳಿಸಿ ಅರ್ಧ ಖಾಲಿ ಹೊಳ್ಳುವ ಗಾಡಿಗಳು ಇವು. 70 ಗಂಟಿಗೆ 1,500ರಿಂದ 2,000, ಹಮಾಲಿ 500. ಗಂಟಿಗೆ 29ರಿಂದ 36 ರೂಪಾಯಿ. ಡ್ರೈವರ್ ಅಲ್ಲಿಯವನೇ, ಯಾವ ಸೇತುವೆ ತೆರೆದಿದೆ ಎಂದು ಅವನಿಗೆ ಗೊತ್ತು, ಮರಾಠಿಯಲ್ಲಿ ಮಾತೂ ಅವನದೇ. ಯಾವ ವಾರ, ಯಾವ ಹೊತ್ತಿಗೆ, ಯಾವ ಸಾಲಿನ ಅಡತಿ ಅಂಗಡಿ ಮುಂದೆ ನಿಂತರೆ ಸಿಗುತ್ತಾರೆ ಎಂಬುದು ನಮ್ಮ ಹತ್ತಿರವೇ ಇರಲಿ. ಎಲ್ಲರೂ ಹೋಗಿ ನಿಂತರೆ ಬಾಡಿಗೆ ಏರುತ್ತದೆ.

ಅಗ್ಗದ ಗಾಡಿಯಲ್ಲಿ ಒಂದು ಅಪಾಯವೂ ಇದೆ. ಒಮ್ಮೆ ಬ್ಯಾಡಗಿ ಮೆಣಸಿನಕಾಯಿ ಸಾಗಿಸಿದ ಲಾರಿಯಲ್ಲಿ ಗಂಟು ಹೋದವು. ಕಸ ಹೊಡೆದಿದ್ದರು, ನೋಡಲು ಸ್ವಚ್ಛವೇ ಇತ್ತು. ಹಲಗೆಯ ಸಂದಿಯಲ್ಲಿ ಕೂತ ಕೆಂಪು ಧೂಳು 200 ಕಿಲೋಮೀಟರ್ ಕುಲುಕಾಟಕ್ಕೆ ಎದ್ದು ಗೋಣಿಯ ಕಣ್ಣಿನಿಂದ ಒಳಗೆ ಇಳಿಯಿತು. ಕೂಸುಗಳ ಕುತ್ತಿಗೆ, ಬಗಲು ಕೆಂಪಾಗಿ ಉರಿ. ಖಾರ ಬರೀ ನೀರಿಗೆ ಕರಗುವುದಿಲ್ಲ, ಎಣ್ಣೆಯ ಗುಣ ಅದರದು. ಸಾಬೂನಿನಲ್ಲಿ ಮೂರು ಸಲ ಒಗೆಸಬೇಕಾಯಿತು. ಆ ತಪ್ಪಿಗೆ ಆ ಊರಿನ ತಾಯಂದಿರ ಕ್ಷಮೆ ಕೇಳಿದ್ದೇವೆ. ಈಗ ಲಾರಿಯ ತಳಕ್ಕೆ ಒಂದು ತಾಡಪತ್ರಿ, ಮೇಲೆ ಒಂದು, ಎರಡೂ ನಮ್ಮವೇ. ಮೆಣಸಿನಕಾಯಿ, ಗೊಬ್ಬರ ತುಂಬಿದ್ದ ಹಳೆ ಚೀಲ ಎಷ್ಟು ಒಗೆದರೂ ಮುಟ್ಟುವುದಿಲ್ಲ.

ಕಾಗದದ ಮಾತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಗಡಿಯ ತೆರಿಗೆ ಚೆಕ್‌ಪೋಸ್ಟ್ ಇಲ್ಲ, ಆದರೆ ತಪಾಸಣಾ ತಂಡ ಎಲ್ಲಿ ಬೇಕಾದರೂ ಕೈ ಅಡ್ಡ ಹಿಡಿಯಬಹುದು. ಮಾಲಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ) ಬೇಕು. ಬಳಸಿದ ಮನೆಬಳಕೆ ಸಾಮಾನಿಗೆ ನಿಯಮದಲ್ಲಿ ವಿನಾಯಿತಿ ಇದೆ ನಿಜ, ಆದರೆ ರಾತ್ರಿ ಹೆದ್ದಾರಿಯಲ್ಲಿ ಆ ವಾದ ಹೂಡುವುದಕ್ಕಿಂತ ಕಾಗದ ಇಟ್ಟುಕೊಳ್ಳುವುದು ಲೇಸು. ನಮ್ಮ ಗಾಡಿ ಒಮ್ಮೆ ಐದು ತಾಸು ನಿಂತಿತು. 28,000 ಬೆಲೆ ಕಟ್ಟಿದ ಹಳೆ ಅರಿವೆಯ ನಡುವೆ ನೂರು ಹೊಸ ಕಂಬಳಿ ಸೇರಿಸಿದ್ದೆವು, 25,000ದ್ದು. ಮೊತ್ತ ದಾಟಿತು, ಹೊಸ ಮಾಲಿಗೆ ಬಿಲ್ಲು ಜೊತೆಗಿರಲಿಲ್ಲ. ಈಗ ಹೊಸದು ಬೇರೆ ಗಂಟು, ಅಂಗಡಿ ಬಿಲ್ಲಿನ ಪ್ರತಿ ಡ್ರೈವರ್ ಕೈಯಲ್ಲಿ. ಹಳೆಯದಕ್ಕೆ 6309 ಎಂಬ ಎಚ್‌ಎಸ್‌ಎನ್ (ಮಾಲಿನ ಬಗೆ ಹೇಳುವ ತೆರಿಗೆ ಸಂಖ್ಯೆ) ಬರೆದು, ‘ದಾನದ ಹಳೆ ಬಟ್ಟೆ, ಮಾರಾಟಕ್ಕಲ್ಲ’ ಎಂದು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಪತ್ರ, ಗಂಟಿನ ಎಣಿಕೆ, ವೇಬ್ರಿಜ್ ಚೀಟಿ, ತೆಗೆದುಕೊಳ್ಳುವ ಗ್ರಾಮ ಪಂಚಾಯತಿಯ ಪತ್ರ.

ನೂರು ಕೆಜಿ ಬಂದರೆ ಉಡಲು ನೇರ ಹೋಗುವುದು 35 ಕೆಜಿ ಆಸುಪಾಸು, ಹೊಲಿಗೆ, ಜಿಪ್ಪು, ಗುಂಡಿ ಹಾಕಿ ಉಳಿಸುವುದು 20. ಹತ್ತಿಯ ಚಿಂದಿ ಗೋಕುಲ ರೋಡಿನ ಗ್ಯಾರೇಜುಗಳಿಗೆ ಒರೆಸಲು ಹೋಗುತ್ತದೆ, ಆ ದುಡ್ಡು ಸುತಳಿ, ದಾರಕ್ಕೆ ಸಾಲುತ್ತದೆ. ಹರಿದ ಸೀರೆಗಳು ಕೌದಿಗೆ. ಒಂದು ಕೌದಿಗೆ ಐದು ಸೀರೆ, ಆರು ಅಡಿಗೆ ನಾಲ್ಕೂವರೆ. ಹತ್ತಿಯದು ಒಳಗೆ, ಸಿಂಥೆಟಿಕ್ ಹೊರಗೆ. ಬರೀ ಸಿಂಥೆಟಿಕ್‌ನಲ್ಲಿ ಹೊಲಿಸಿದವು ಬೆಚ್ಚಗಾಗಲಿಲ್ಲ, ಮೈಮೇಲಿಂದ ಜಾರಿದವು. ಹೊಲಿಯುವ ತಾಯಂದಿರು ಹಾವೇರಿ, ಗದಗ ಕಡೆಯವರು, ಕೌದಿಗೆ 500 ರೂಪಾಯಿ ಕೂಲಿ. ಚೌಕಾಸಿ ಮಾಡುವುದಿಲ್ಲ; ನಾಲ್ಕೈದು ದಿನದ ಕೆಲಸಕ್ಕೆ ಅದೂ ಕಡಿಮೆಯೇ. ಗಡಿಯಾಚೆ ಇದಕ್ಕೆ ಗೋಧಡಿ ಅನ್ನುತ್ತಾರೆ, ಇದುವರೆಗೆ ಒಂದೂ ಹೊಳ್ಳಿ ಬಂದಿಲ್ಲ. ಕೌದಿ ಇರುವ ಗಂಟಿಗೆ ಒಟ್ಟು 800 ರೂಪಾಯಿ ಖರ್ಚು, ಇಲ್ಲದ್ದಕ್ಕೆ 300.

ಗಂಡಸರ ತುಂಬುತೋಳಿನ ಆಫೀಸ್ ಅಂಗಿ ಮಾತ್ರ ಬಹಳ ದಿನ ಉಳಿದು ಗುಡ್ಡೆಯಾಗಿದ್ದವು. ಅವಕ್ಕೆ ದಾರಿ ಸಿಕ್ಕಿದ್ದು ಕಬ್ಬಿನ ಹಂಗಾಮಿನಲ್ಲಿ. ಬೀಡ್ ಕಡೆಯಿಂದ ಕಬ್ಬು ಕಡಿಯಲು ಬರುವ ಟೋಳಿಯ (ಗುಂಪಿನ) ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಾರೆ, ಕಬ್ಬಿನ ಗರಿ ಕೈ ಕೊಯ್ಯಬಾರದೆಂದು. ದಪ್ಪ ಹತ್ತಿ, ಗಟ್ಟಿ ಕಫ್, ಕಾಲರ್ ಎತ್ತರ ಇದ್ದಷ್ಟೂ ಒಳ್ಳೆಯದು. ನವೆಂಬರಿನಲ್ಲಿ ಒಯ್ದರೆ ಮಾರ್ಚ್ ತನಕ ಉಪಯೋಗ. ಒಂದೇ ಖೇಪಿನಲ್ಲಿ 300 ಅಂಗಿ ಹೋದವು, ಇನ್ನೂ ಕೇಳಿದರು. ಅವರ ಕೋಪಿಗಳಲ್ಲಿ (ಗುಡಿಸಲುಗಳಲ್ಲಿ) ಬೆಳಗಿನ ಜಾವದ ಚಳಿಗೆ ಮಕ್ಕಳ ಕಿವಿ ಮುಚ್ಚುವ ಟೋಪಿಗೂ ಅಷ್ಟೇ ಬೇಡಿಕೆ.

ಚಪ್ಪಲಿ ಇನ್ನೂ ಬಗೆಹರಿದಿಲ್ಲ. ಜೋಡಿ ಅಗಲಬಾರದೆಂದು ತಂತಿಯಿಂದ ಕಟ್ಟಿದೆವು, ಇಂಚುಪಟ್ಟಿಯಿಂದ ಅಳೆದು ಬರೆದೆವು. ಹೊಸಬರ ಕಾಲಿಗೆ ಹಳೆಯ ಅಟ್ಟೆಯ ಸವೆತ ಒಗ್ಗುವುದಿಲ್ಲ, ಮೂರರಲ್ಲಿ ಎರಡು ಜೋಡಿ ಹಾಗೇ ಉಳಿದವು. ಈಗ ಚಪ್ಪಲಿ ತಂದವರಿಗೆ ಕೈಮುಗಿದು ಹೊಳ್ಳಿಸಿ ಕಳಿಸುತ್ತೇವೆ.