ಎಆರ್‌ಟಿಯ ಮೊದಲ ವಾರಗಳು: ತಾಳಿಕೊಂಡದ್ದು, ತಿಳಿಸಿದ್ದು

ಎಚ್‌ಐವಿ ವೈರಸ್ಸನ್ನು ಹತ್ತಿಕ್ಕಲು ಕೊಡುವ ಎಆರ್‌ಟಿ ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ತಲೆ ನೋಯಲಿ, ಹೊಟ್ಟೆ ತೊಳೆಸಲಿ, ನಿದ್ದೆ ಕೆಡಲಿ, ಎಲ್ಲವನ್ನೂ ಆ ಒಂದು ಮಾತ್ರೆಯ ಲೆಕ್ಕಕ್ಕೇ ಬರೆಯುವ ಮನಸ್ಸಾಗುತ್ತದೆ. ಕೆಲವು ದಿನ ತಾಳಿದರೆ ತಾನಾಗಿ ಹೋಗುವ ತೊಂದರೆಗೆ ಹೆದರಿ ಮಾತ್ರೆಯನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಕೂಡಲೇ ವೈದ್ಯರಿಗೆ ಹೇಳಬೇಕಾದದ್ದನ್ನು ಮಾತ್ರೆಯ ತಾಪವೆಂದುಕೊಂಡು ಮನೆಯಲ್ಲೇ ಸಹಿಸಿದವರನ್ನೂ ನೋಡಿದ್ದೇನೆ. ಕಲಬುರಗಿಯಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿರುವ ನಾನು ಇವೆರಡನ್ನು ಬೇರೆ ಮಾಡಿ ನೋಡಲು ಕಲಿತ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿಟ್ಟು ಬಿಟ್ಟು ಬರುತ್ತಿದ್ದ ಜ್ವರ ಮತ್ತು ತೂಕ ಇಳಿದದ್ದು ನನ್ನನ್ನು ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆ ನಡೆಯುವ ಸರ್ಕಾರಿ ಕೇಂದ್ರವಾದ ಐಸಿಟಿಸಿಗೆ ಕರೆದೊಯ್ದವು. ಅಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಪರೀಕ್ಷಿಸಿ, ಮೂರರಲ್ಲೂ ಒಂದೇ ಫಲಿತಾಂಶ ಬಂದ ಮೇಲೆಯೇ ಪಾಸಿಟಿವ್ ಎಂದು ಬರೆದುಕೊಟ್ಟು, ಎಆರ್‌ಟಿ ಕೇಂದ್ರಕ್ಕೆ ಕಳುಹಿಸಿದರು. ಮಾತ್ರೆ ಕೊಡುವ ಮುನ್ನ ದೇಹದ ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ತಿಳಿಸುವ ಸಿಡಿ4 ಕಣಗಳ ಎಣಿಕೆ, ಹಿಮೋಗ್ಲೋಬಿನ್, ಸಕ್ಕರೆ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ಇವೆಲ್ಲ ನಡೆದವು, ಎದೆಯ ಎಕ್ಸ್‌ರೇ ಕೂಡ ತೆಗೆದರು. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಎಂಬ ನಾಲ್ಕು ಪ್ರಶ್ನೆಗಳನ್ನು ಕ್ಷಯರೋಗದ ಸಲುವಾಗಿ ಪ್ರತಿ ಭೇಟಿಯಲ್ಲೂ ಕೇಳುತ್ತಾರೆ. ನನಗೆ ಜ್ವರವೂ ತೂಕ ಇಳಿಕೆಯೂ ಇದ್ದುದರಿಂದ ಕಫವನ್ನೂ ಪರೀಕ್ಷಿಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಆದರೆ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿತ್ತು ಮತ್ತು ರಕ್ತ ಕಡಿಮೆ ಇತ್ತು. ಈ ಎರಡೂ ಸಂಗತಿಗಳು ಮುಂದಿನ ವಾರಗಳಲ್ಲಿ ನನ್ನ ದಿನಚರಿಯನ್ನು ನಿರ್ಧರಿಸಿದವು.

ನನಗೆ ಕೊಟ್ಟದ್ದು ಎಲ್ಲರೂ ಟಿಎಲ್‌ಡಿ ಎಂದು ಕರೆಯುವ ಮಾತ್ರೆ. ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300 ಮಿಲಿಗ್ರಾಂ, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಜೊತೆಗೆ, ಸಿಡಿ4 350ಕ್ಕಿಂತ ಕಡಿಮೆ ಇರುವವರಿಗೆ ಬೇರೆ ಸೋಂಕು ತಡೆಯಲು ಕೊಡುವ ಕೊಟ್ರೈಮಾಕ್ಸಜೋಲ್, ಮತ್ತು ರಕ್ತಹೀನತೆಗೆ ಕಬ್ಬಿಣದ ಮಾತ್ರೆ.

ಕೇಂದ್ರದ ಹೊರಗಿನ ಬೆಂಚಿನ ಮೇಲೆ ನಾನು ಕೇಳಿದಷ್ಟು ಸಲಹೆಯನ್ನು ಒಳಗೆ ಯಾರೂ ಹೇಳಿರಲಿಲ್ಲ. ಊಟವಾದ ಮೇಲೆ ಮಲಗುವಾಗಲೇ ತೆಗೆದುಕೊಳ್ಳಬೇಕು, ಎಣ್ಣೆಯ ಪದಾರ್ಥ ತಿಂದ ದಿನ ತೆಗೆದುಕೊಳ್ಳಬಾರದು, ಕೆನ್ನೆ ಒಳಗೆ ಹೋಗುತ್ತದೆ, ರಕ್ತ ಇಳಿಯುತ್ತದೆ, ಮೈಮೇಲೆ ದದ್ದು ಏಳುತ್ತದೆ. ಇದನ್ನೆಲ್ಲ ಹೇಳಿದವರು ಬಹಳ ವರ್ಷಗಳಿಂದ ಮಾತ್ರೆ ನುಂಗಿ ಗಟ್ಟಿಯಾಗಿ ಬದುಕಿರುವ ಹಿರಿಯರಾದ್ದರಿಂದ ತಳ್ಳಿಹಾಕುವಂತೆಯೂ ಇರಲಿಲ್ಲ. ಆಪ್ತಸಮಾಲೋಚಕಿಯ ಮುಂದೆ ಒಂದೊಂದಾಗಿ ಕೇಳಿದಾಗ ತಿಳಿದದ್ದೇನೆಂದರೆ, ಅವರು ಹೇಳಿದ ಯಾವುದೂ ಸುಳ್ಳಲ್ಲ, ಆದರೆ ಅವೆಲ್ಲ ಬೇರೆ ಔಷಧಗಳ ಮಾತು. ಸರ್ಕಾರದ ಉಚಿತ ಎಆರ್‌ಟಿ 2004ರ ಏಪ್ರಿಲ್ 1ರಂದು ಆರಂಭವಾದ ಕಾಲದಲ್ಲಿ ಕೊಡುತ್ತಿದ್ದ ಸ್ಟಾವುಡಿನ್‌ನಿಂದ ಕೆನ್ನೆ ಮತ್ತು ಕೈಕಾಲಿನ ಕೊಬ್ಬು ಕರಗುತ್ತಿತ್ತು; ಜಿಡೊವುಡಿನ್ ಕೆಲವರಿಗೆ ರಕ್ತಹೀನತೆ ತರುತ್ತಿತ್ತು; ನೆವಿರಪಿನ್‌ನಿಂದ ದದ್ದು ಏಳುತ್ತಿತ್ತು. ಮುಂದೆ ಬಹುಕಾಲ ಬಳಕೆಯಲ್ಲಿದ್ದ ಎಫಾವಿರೆಂಜ್ ತಲೆ ಸುತ್ತಿಸುತ್ತಿದ್ದರಿಂದ ಮಲಗುವ ಹೊತ್ತಿಗೆ ನುಂಗಬೇಕಿತ್ತು, ಜಿಡ್ಡಿನ ಊಟದ ಜೊತೆ ಅದು ರಕ್ತದಲ್ಲಿ ಹೆಚ್ಚಾಗಿ ಸೇರುತ್ತಿದ್ದರಿಂದ ಎಣ್ಣೆಯ ಎಚ್ಚರಿಕೆಯೂ ಬಂದಿತ್ತು. ಹೀಗಾಗಿ ಬೆಂಚಿನ ಮೇಲಿನ ಸಲಹೆ ಕೇಳಿಸಿಕೊಳ್ಳುವಾಗ, ನೀವು ಆಗ ಯಾವ ಮಾತ್ರೆಯಲ್ಲಿದ್ದಿರಿ ಎಂದು ಮೊದಲು ಕೇಳುವುದನ್ನು ನಾನು ರೂಢಿಸಿಕೊಂಡೆ.

ನಿದ್ದೆಯ ವಿಷಯದಲ್ಲಿ ಇದು ತಕ್ಷಣ ಉಪಯೋಗಕ್ಕೆ ಬಂತು. ಹಗಲೆಲ್ಲ ಜನ ಬಟ್ಟೆ ಕೊಡಲು ಬಂದು ಹೋಗುವ ಮನೆಯಾದ್ದರಿಂದ ರಾತ್ರಿ ಮಾತ್ರೆ ತೆಗೆದುಕೊಳ್ಳುವುದೇ ಅನುಕೂಲವೆಂದು ಕೇಂದ್ರದವರೂ ನಾನೂ ಮಾತನಾಡಿಕೊಂಡಿದ್ದೆವು. ಮೊದಲ ವಾರದಲ್ಲೇ ನಿದ್ದೆ ತುಂಡು ತುಂಡಾಯಿತು. ನಡುರಾತ್ರಿ ಎಚ್ಚರವಾದರೆ ಬೆಳಗಿನವರೆಗೂ ಕಣ್ಣು ಮುಚ್ಚುತ್ತಿರಲಿಲ್ಲ, ಮುಚ್ಚಿದರೆ ಕನಸುಗಳು ಬಹಳ ಸ್ಪಷ್ಟವಾಗಿ ಬರುತ್ತಿದ್ದವು. ಡೊಲುಟೆಗ್ರಾವಿರ್ ಕೆಲವರಿಗೆ ನಿದ್ದೆ ಕೆಡಿಸುತ್ತದೆ, ಅಂಥವರು ಅದನ್ನು ಬೆಳಿಗ್ಗೆಗೆ ಬದಲಿಸಿಕೊಳ್ಳಬಹುದು ಎಂದು ವೈದ್ಯರು ಹೇಳಿದರು, ಬದಲಿಸುವ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದೂ ಬರೆದುಕೊಟ್ಟರು. ಬೆಳಿಗ್ಗೆ ಎಂಟು ಗಂಟೆ, ರೊಟ್ಟಿ ಬಡಿದು ಮುಗಿಸಿ, ಹೊಲಿಗೆ ಯಂತ್ರದ ಮುಂದೆ ಕೂರುವ ಮುಂಚೆ ಎಂದು ನಿಶ್ಚಯಿಸಿದೆ. ಆ ಹೊತ್ತಿಗೆ ಮನೆಗೆ ಯಾರೂ ಬರುವುದಿಲ್ಲ ಎಂಬುದೂ ಒಂದು ಕಾರಣ. ನಿದ್ದೆ ಒಂದೇ ದಿನದಲ್ಲಿ ಮರಳಲಿಲ್ಲ, ಆದರೆ ಮೊದಲ ತಿಂಗಳು ಮುಗಿಯುವುದರೊಳಗೆ ಮರಳಿತು.

ಹೊಟ್ಟೆ ತೊಳೆಸುವುದು ಮತ್ತು ತಲೆನೋವು ಅದಕ್ಕೂ ಬೇಗ ಹೋದವು. ಟಿಎಲ್‌ಡಿಯನ್ನು ಊಟವಿಲ್ಲದೆಯೂ ತೆಗೆದುಕೊಳ್ಳಬಹುದು. ನಾನು ಮಾತ್ರ ಅರ್ಧ ಜೋಳದ ರೊಟ್ಟಿ, ಸ್ವಲ್ಪ ಮೊಸರು ತಿಂದೇ ತೆಗೆದುಕೊಳ್ಳುತ್ತಿದ್ದೆ, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಹೆಚ್ಚುತ್ತಿತ್ತು. ಶೇಂಗಾ ಹಿಂಡಿಯ ಖಾರವನ್ನು ಆ ಕೆಲವು ವಾರ ದೂರವಿಟ್ಟೆ. ಇದು ವೈದ್ಯರ ಆಜ್ಞೆಯಲ್ಲ, ನನ್ನ ಹೊಟ್ಟೆಯ ಆಜ್ಞೆ.

ಇಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಕಬ್ಬಿಣದ ಮಾತ್ರೆಯ ವಿಷಯದಲ್ಲಿ. ಕಬ್ಬಿಣ, ಕ್ಯಾಲ್ಸಿಯಂ, ಮತ್ತು ಎದೆಯುರಿಗೆ ಅಂಗಡಿಯಲ್ಲಿ ಸಿಗುವ ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್‌ಗಳು ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಇವುಗಳನ್ನು ತೆಗೆದುಕೊಳ್ಳುವುದಕ್ಕೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಟಿಎಲ್‌ಡಿ ನುಂಗಬೇಕು. ಮಾತ್ರೆಯಿಂದ ಹೊಟ್ಟೆ ಉರಿಯುತ್ತದೆ ಎಂದು ಅದರ ಜೊತೆಗೇ ಆಂಟಾಸಿಡ್ ಕುಡಿಯುವುದು ನಮ್ಮಲ್ಲಿ ಬಹಳ ಸಹಜವಾದ ಅಭ್ಯಾಸ; ಹಾಗೆ ಮಾಡಿದವರು ಪ್ರತಿದಿನ ತಪ್ಪದೆ ಮಾತ್ರೆ ನುಂಗಿಯೂ ಔಷಧದ ಪೂರ್ತಿ ಫಲ ಪಡೆಯುವುದಿಲ್ಲ. ನಾನು ಎಂಟಕ್ಕೆ ಟಿಎಲ್‌ಡಿ, ಮಧ್ಯಾಹ್ನದ ಊಟದ ನಂತರ ಕಬ್ಬಿಣ ಎಂದು ಬೇರ್ಪಡಿಸಿಕೊಂಡೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರೂ ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಡೊಲುಟೆಗ್ರಾವಿರ್ ಅದರ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ.

ಹದಿನೈದು ದಿನಕ್ಕೆ ಮೊದಲ ಮರುಭೇಟಿ ಇರುತ್ತದೆ. ಬಾಟಲಿಯನ್ನು ಜೊತೆಗೆ ತರಲು ಹೇಳುತ್ತಾರೆ, ಉಳಿದ ಮಾತ್ರೆಗಳನ್ನು ಎಣಿಸುತ್ತಾರೆ. ಇದನ್ನು ಅಪನಂಬಿಕೆಯೆಂದು ತಿಳಿದು ಬೇಸರಪಡುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ, ನಾಲ್ಕು ಮಾತ್ರೆ ಹೆಚ್ಚು ಉಳಿದಿದ್ದರೆ ಅದರ ಕಾರಣ ಮಾತನಾಡಲು ಅದೊಂದು ನೆಪ. ಒಮ್ಮೆ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಬೇಕು, ಮರುದಿನ ಎರಡನ್ನು ಒಟ್ಟಿಗೆ ನುಂಗಬಾರದು ಎಂಬುದನ್ನು ಅಲ್ಲಿಯೇ ಹೇಳಿದರು. ತಾಳಿಕೊಳ್ಳಬಾರದ ಲಕ್ಷಣಗಳನ್ನೂ ಅಂದೇ ಬರೆಸಿಕೊಂಡೆ: ಕಣ್ಣು ಹಳದಿಯಾಗುವುದು, ಜ್ವರದೊಂದಿಗೆ ಮೈತುಂಬ ದದ್ದು ಅಥವಾ ಬಾಯಲ್ಲಿ ಗುಳ್ಳೆ, ಬಿಡದ ತಲೆನೋವಿನ ಜೊತೆ ವಾಂತಿ, ಉಸಿರು ಕಟ್ಟುವುದು, ಹೊಸದಾಗಿ ಬಂದ ಜ್ವರ ಅಥವಾ ಗಂಟು. ದದ್ದು ಎದ್ದರೆ ಅದು ಟಿಎಲ್‌ಡಿಯದ್ದೇ ಆಗಬೇಕಿಲ್ಲ, ಕೊಟ್ರೈಮಾಕ್ಸಜೋಲ್‌ನದ್ದೂ ಆಗಬಹುದು. ಯಾವುದನ್ನು ನಿಲ್ಲಿಸಬೇಕೆಂದು ನಿರ್ಧರಿಸುವುದು ನಮ್ಮ ಕೆಲಸವಲ್ಲ. ಹೆಪಟೈಟಿಸ್ ಬಿ ಇದ್ದವರಂತೂ ತಾವಾಗಿ ನಿಲ್ಲಿಸಲೇಬಾರದು, ಏಕೆಂದರೆ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆ ವೈರಸ್ಸನ್ನೂ ಹಿಡಿದಿಟ್ಟಿರುತ್ತವೆ, ಏಕಾಏಕಿ ಬಿಟ್ಟರೆ ಯಕೃತ್ತಿನ ಕಾಯಿಲೆ ಕೆರಳಬಹುದು.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನನಗೆ ಹಸಿವು ಮರಳಿತ್ತು. ಅಕ್ಕನ ಊರಿನ ತೊಗರಿ ಹೊಲದಲ್ಲಿ ಕೂತು ಸಜ್ಜಿ ರೊಟ್ಟಿ, ಭಜ್ಜಿ ಹೊಟ್ಟೆ ತುಂಬ ತಿಂದೆ. ಸಡಿಲವಾಗಿದ್ದ ನನ್ನ ಕುಪ್ಪಸಗಳಿಗೆ ಹಾಕಿದ್ದ ಹೆಚ್ಚಿನ ಹೊಲಿಗೆಯನ್ನು ಬಿಚ್ಚಬೇಕಾಗಿ ಬಂದದ್ದೂ ಆಗಲೇ. ಅದೇ ದಿನಗಳಲ್ಲಿ ಕುತ್ತಿಗೆಯ ಬಲಬದಿಗೆ ಒಂದು ಗಂಟು ಕಾಣಿಸಿಕೊಂಡಿತು, ಸಂಜೆಯ ಹೊತ್ತು ಜ್ವರ ಬರತೊಡಗಿತು. ಮೈ ಸುಧಾರಿಸುತ್ತಿರುವಾಗ ಬಂದ ಜ್ವರವನ್ನು ಹೊಲದ ಗಾಳಿಯ ಲೆಕ್ಕಕ್ಕೆ ಹಾಕುವುದು ಸುಲಭವಿತ್ತು, ಅಕ್ಕನೂ ಹಾಗೆಯೇ ಅಂದಳು. ಬರೆಸಿಕೊಂಡಿದ್ದ ಪಟ್ಟಿಯಲ್ಲಿ ಗಂಟು ಇದ್ದುದರಿಂದ ಮುಂದಿನ ತಾರೀಖಿಗೆ ಕಾಯದೆ ಹೋದೆ. ಸೂಜಿಯಿಂದ ಗಂಟಿನ ದ್ರವ ತೆಗೆದು, ಕ್ಷಯದ ಸೂಕ್ಷ್ಮಾಣುವನ್ನು ಪತ್ತೆಹಚ್ಚುವ ಸಿಬಿನಾಟ್ ಪರೀಕ್ಷೆಗೆ ಕಳುಹಿಸಿದರು. ಕ್ಷಯದ ಸೂಕ್ಷ್ಮಾಣು ಇದೆಯೆಂದು ಬಂತು.

ಚಿಕಿತ್ಸೆ ಶುರುವಾದ ಮೇಲೆ ಕ್ಷಯ ಹೇಗೆ ಬಂತು ಎಂಬ ನನ್ನ ಪ್ರಶ್ನೆಗೆ ವೈದ್ಯರು ಕೊಟ್ಟ ಉತ್ತರ ನನಗೆ ಸಮಾಧಾನ ತಂದಿತು. ಸಿಡಿ4 ತೀರ ಕಡಿಮೆ ಇದ್ದಾಗ ದೇಹ ಒಳಗೆ ಅಡಗಿದ ಸೋಂಕಿನೊಂದಿಗೆ ಸೆಣಸುವುದೇ ಇಲ್ಲ, ಆದ್ದರಿಂದ ಊತವೂ ಕಾಣುವುದಿಲ್ಲ. ಮಾತ್ರೆಯಿಂದ ವೈರಸ್ ತಗ್ಗಿ ನಿರೋಧಕ ಶಕ್ತಿ ಎಚ್ಚೆತ್ತಾಗ, ಅದು ಆ ಸೋಂಕನ್ನು ಗುರುತಿಸಿ ಹೋರಾಡತೊಡಗುತ್ತದೆ, ಗಂಟು ಮತ್ತು ಜ್ವರ ಆ ಹೋರಾಟದಿಂದ ಬರುತ್ತವೆ. ವೈದ್ಯರ ಮಾತಿನಲ್ಲಿ ಇದರ ಹೆಸರು ಐರಿಸ್. ಇದು ಹೆಚ್ಚಾಗಿ ಮೊದಲ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ, ಸಿಡಿ4 ಬಹಳ ಇಳಿದ ಮೇಲೆ ಚಿಕಿತ್ಸೆಗೆ ಬಂದವರಲ್ಲಿ ಕಾಣುತ್ತದೆ. ಇಂಥ ಸಮಯದಲ್ಲಿ ಎಆರ್‌ಟಿ ಮಾತ್ರೆಯಿಂದಲೇ ಹೀಗಾಯಿತೆಂದು ಅದನ್ನು ಬಿಟ್ಟುಬಿಡುವುದೇ ದೊಡ್ಡ ಅಪಾಯ.

ಕ್ಷಯದ ನಾಲ್ಕು ಔಷಧಗಳಲ್ಲಿ ಒಂದಾದ ರಿಫಾಂಪಿಸಿನ್, ಡೊಲುಟೆಗ್ರಾವಿರ್ ಅನ್ನು ದೇಹ ಬೇಗ ಹೊರಹಾಕುವಂತೆ ಮಾಡುತ್ತದೆ. ಅದಕ್ಕಾಗಿ ಬೆಳಗಿನ ಟಿಎಲ್‌ಡಿಯ ಜೊತೆಗೆ ಹನ್ನೆರಡು ಗಂಟೆ ಬಿಟ್ಟು, ರಾತ್ರಿ ಎಂಟಕ್ಕೆ, ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬಂತು. ರಾತ್ರಿಯ ಮಾತ್ರೆ ಎಂದಾಗ ನಿದ್ದೆಯ ಚಿಂತೆ ಹತ್ತಿತು, ಆದರೆ ಅಷ್ಟರಲ್ಲಿ ದೇಹ ಒಗ್ಗಿದ್ದರಿಂದಲೋ ಏನೋ ಮೊದಲಿನಷ್ಟು ಕೆಡಲಿಲ್ಲ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ರಿಫಾಂಪಿಸಿನ್‌ನ ಬಣ್ಣವೆಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ದಿನದ ಮಾತ್ರೆಗಳು ಅನೇಕವಾದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಹೊಲಿಗೆಯ ಸೀಮೆಸುಣ್ಣದಿಂದ ಗುರುತು ಹಾಕತೊಡಗಿದೆ. ನೋಡಿದವರು ಅದನ್ನು ಬಟ್ಟೆ ಕೊಡುವ ತಾರೀಖು ಎಂದು ತಿಳಿದರು.

ನನ್ನ ವಿಷಯ ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಚಿಕಿತ್ಸೆಗೆ ಜೊತೆಗಾರರೊಬ್ಬರು ಇರಲಿ ಎಂದು ಕೇಂದ್ರದಲ್ಲಿ ಕೇಳುತ್ತಾರೆ, ಆದರೆ ಯಾರಿಗೆ ಹೇಳಬೇಕೆಂಬುದು ನಮ್ಮದೇ ತೀರ್ಮಾನ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ನಮ್ಮ ಒಪ್ಪಿಗೆಯಿಲ್ಲದೆ ಈ ವಿಷಯವನ್ನು ಹೊರಗೆಡಹುವುದನ್ನು ನಿಷೇಧಿಸುತ್ತದೆ. ಕೇಂದ್ರ ಮುಚ್ಚಿದ ಹೊತ್ತಿನಲ್ಲಿ ಸಂಶಯ ಬಂದಾಗ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಹೆಸರು ಹೇಳದೆಯೇ ಕೇಳಬಹುದು.

ನಮ್ಮ ಭಾಗದವರಿಗೆ ಇನ್ನೊಂದು ಮಾತು, ಬಿಸಿಲಿನದು. ಈ ಮಾತ್ರೆಯನ್ನು 30 ಡಿಗ್ರಿಗಿಂತ ಕೆಳಗಿನ ಉಷ್ಣತೆಯಲ್ಲಿ ಇಡಬೇಕೆಂದು ಬಾಟಲಿಯ ಮೇಲೆಯೇ ಬರೆದಿರುತ್ತದೆ, ಕಲಬುರಗಿಯ ಮೇ ತಿಂಗಳು 42 ಡಿಗ್ರಿ ದಾಟುತ್ತದೆ. ತಗಡಿನ ಮನೆಯ ಅಟ್ಟ, ಒಲೆಯ ಪಕ್ಕದ ಗೂಡು, ಬಸ್ಸಿನ ಕಿಟಕಿಗೆ ತಾಗಿದ ಚೀಲ ಇವು ಯಾವುವೂ ಸರಿಯಲ್ಲ. ನಾನು ಬಾಟಲಿಯನ್ನು ಕಲ್ಲಿನ ಗೋಡೆಯ ಒಳಕೋಣೆಯಲ್ಲಿ, ಬಟ್ಟೆಯ ತುಂಡುಗಳ ನಡುವೆ, ನೀರಿನ ಕೊಡದ ಹತ್ತಿರ ಆದರೆ ಪಸೆ ತಾಗದಂತೆ ಇಟ್ಟೆ. ಒಳಗಿರುವ ತೇವ ಹೀರುವ ಪೊಟ್ಟಣವನ್ನು ತೆಗೆಯಬಾರದು; ಗುಟ್ಟಿಗಾಗಿ ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿಯುವುದರ ಬದಲು ನಾನು ಬಾಟಲಿಗೇ ಒಂದು ಬಟ್ಟೆಯ ಚೀಲ ಹೊಲಿದೆ.

ಆರು ತಿಂಗಳಾದಾಗ, ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಗೆ ರಕ್ತ ತೆಗೆದರು, ವೈರಸ್ ಪತ್ತೆಯಾಗಲಿಲ್ಲ ಎಂದು ವರದಿ ಬಂತು. ವೈರಸ್ ದೇಹದಲ್ಲೇ ಇಲ್ಲವಾಯಿತೆಂದು ಇದರ ಅರ್ಥವಲ್ಲ, ಮಾತ್ರೆ ಬಿಟ್ಟರೆ ಅದು ಮತ್ತೆ ಏರುತ್ತದೆ. ಹೀಗೆಯೇ ಪತ್ತೆಯಾಗದ ಮಟ್ಟದಲ್ಲಿ ಇರುವವರೆಗೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಕ್ಷಯದ ಔಷಧ ಮುಗಿದ ಮೇಲೂ ರಿಫಾಂಪಿಸಿನ್‌ನ ಪ್ರಭಾವ ಸ್ವಲ್ಪ ದಿನ ಉಳಿಯುವುದರಿಂದ ರಾತ್ರಿಯ ಡೊಲುಟೆಗ್ರಾವಿರ್ ಅನ್ನು ಎರಡು ವಾರ ಮುಂದುವರಿಸಿ ಆಮೇಲೆ ನಿಲ್ಲಿಸಿದರು. ಈಗ ಬೆಳಿಗ್ಗೆ ಎಂಟರ ಟಿಎಲ್‌ಡಿ ಇದೆ. ಹಿಮೋಗ್ಲೋಬಿನ್ ಇನ್ನೂ ಸ್ವಲ್ಪ ಕಡಿಮೆಯೇ ಇರುವುದರಿಂದ ಕಬ್ಬಿಣದ ಮಾತ್ರೆ ಮಧ್ಯಾಹ್ನದ ಊಟದ ನಂತರ ಮುಂದುವರಿದಿದೆ.